ಅಜ್ಜಿಗೆ ಬಿಡುವಿಲ್ಲ

ವೃದ್ಧಾಪ್ಯವೆಂದೊಡನೆ ನಮ್ಮೆಲ್ಲರ ಮನಸ್ಸಿನಲ್ಲಿಯೂ ಮೂಡುವ ಚಿತ್ರವೊಂದಿದೆ. ಜಗಲಿಯ ಮೂಲೆಯಲ್ಲೊಂದು ಆರಾಮಕುರ್ಚಿ. ಮೂಗಿನ ತುದಿಗೆ ಜಾರಿದ ಕನ್ನಡಕ. ಕಾಲಬುಡದಲ್ಲಿ ತೂಕಡಿಸುತ್ತಿರುವ ಬೆಕ್ಕು. 'ಇನ್ನು ನಿಮಗೇನಮ್ಮ? ರಾಮಾ ಕೃಷ್ಣಾ ಎಂದು ಹಾಯಾಗಿ ಕುಳಿತಿರಿ' ಎಂದು ಮಕ್ಕಳು ಉಪದೇಶಿಸುತ್ತಾರೆ. ಕ್ರೈಸ್ತರ ಮನೆಗಳಲ್ಲಿ ರಾಮಕೃಷ್ಣರ ಸ್ಥಾನದಲ್ಲಿ ಬೈಬಲ್ಲಿನ ಹೆಸರು ಬರುತ್ತದೆ. ಉಪದೇಶ ಮಾತ್ರ ಅದೇ. ಆದರೆ ಕುಳಿತುಕೊಳ್ಳಲು ಪುರುಸೊತ್ತೇ ಇಲ್ಲದ ಅಜ್ಜಿಯರ ಪಂಗಡವೊಂದು ನಮ್ಮ ನಡುವೆ ಇದೆ. ಅವರನ್ನು ಕಾಣಬೇಕಾದರೆ ಮಂಗಳೂರಿನ ಕಡೆಯ ಯಾವುದಾದರೊಂದು ಪ್ರಾಟೆಸ್ಟಂಟ್ ದೇವಾಲಯಕ್ಕೆ ಹೋಗಬೇಕು. ಅದೂ ಭಾನುವಾರವಲ್ಲ, ಶನಿವಾರ ಮಧ್ಯಾಹ್ನ.

ಆ ಹೊತ್ತಿನಲ್ಲಿ ಆರಾಧನೆಯಿಲ್ಲ, ಘಂಟಾನಾದವಿಲ್ಲ. ಪಕ್ಕದ ಬಾಗಿಲೊಂದು ಮಾತ್ರ ತೆರೆದಿರುತ್ತದೆ. ಒಳಗೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಣಿಸೆಹುಳಿ ಹಚ್ಚಿ ಹಿತ್ತಾಳೆಯ ಹೂದಾನಿಗಳನ್ನು ಬೆಳಗುತ್ತಿರುತ್ತಾರೆ. ವೇದಿಯ ಮೇಲಿನ ವಸ್ತ್ರವನ್ನು ಮನೆಯಲ್ಲೇ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ತಂದಿರುತ್ತಾರೆ. ಕ್ರೈಸ್ತ ವರ್ಷದ ಪಂಚಾಂಗ ಆಕೆಗೆ ಬಣ್ಣಗಳಲ್ಲಿ ಕಂಠಪಾಠ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೂ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲಕ್ಕೂ ನೇರಳೆ. ಕ್ರಿಸ್‌ಮಸ್ಸಿಗೂ ಈಸ್ಟರಿಗೂ ಬಿಳಿ. ಪವಿತ್ರಾತ್ಮನ ಹಬ್ಬವಾದ ಪಂಚಾಶತ್ತಮಕ್ಕೆ ಕೆಂಪು. ಉಳಿದ ದಿನಗಳಿಗೆ ಹಸಿರು. ಹೊಸದಾಗಿ ಬಂದ ಸಭಾಪಾಲಕರು ಯಾವ ಭಾನುವಾರ ಯಾವ ಬಣ್ಣವೆಂದು ಒಮ್ಮೆ ತಡವರಿಸಿದರೂ ತಡವರಿಸಬಹುದು. ಅಜ್ಜಿಯ ಕಪಾಟು ತಡವರಿಸುವುದಿಲ್ಲ.

ಭಾನುವಾರ ಮುಗಿಯಿತೆಂದರೆ ಆಕೆಯ ವಾರ ಪ್ರಾರಂಭವಾಯಿತು. ಕರ್ತನ ಭೋಜನ ನಡೆದಿದ್ದರೆ ಪಾತ್ರೆಗಳನ್ನು ತೊಳೆದು, ಒರೆಸಿ, ಬೀಗದೊಳಗೆ ಇಡಬೇಕು. ಸೋಮವಾರ, ಆಸ್ಪತ್ರೆಯಲ್ಲಿ ಮಲಗಿರುವ ಯಾರಿಗೋ ಕುಚ್ಚಲಕ್ಕಿಯ ಗಂಜಿ, ಜೊತೆಗೆ ಒಂದಿಷ್ಟು ತೆಂಗಿನಕಾಯಿ ಚಟ್ನಿ. ಮಂಗಳವಾರ ಸ್ತ್ರೀ ಸಂಘದ ಕೂಟ. ಅಲ್ಲಿ ಬೈಬಲ್ ಪಾರಾಯಣ ಅರ್ಧ ಗಂಟೆ ನಡೆದರೆ, ಬಡ ಹುಡುಗಿಯ ಮದುವೆಗೆ ಸೀರೆ ಕೊಡುವವರು ಯಾರು, ಪಾತ್ರೆ ಕೊಡುವವರು ಯಾರು ಎಂಬ ಮಾತುಕತೆ ಒಂದು ಗಂಟೆ. ಗುರುವಾರ, ಗಂಡನನ್ನು ಕಳೆದುಕೊಂಡು ತಿಂಗಳಾದ ಮನೆಗೆ ಭೇಟಿ. ಮೊದಲ ವಾರದಲ್ಲಿ ಎಲ್ಲರೂ ಬರುತ್ತಾರೆ; ತಿಂಗಳಾದ ಮೇಲೆ ಹೋಗುವವರು ಬೇಕೆಂಬುದು ಆಕೆಯ ಶಾಸ್ತ್ರ. ಶುಕ್ರವಾರ ಯಾರದಾದರೊಂದು ಮನೆಯಲ್ಲಿ ಪ್ರಾರ್ಥನಾಕೂಟ. ಭಾನುವಾರ ಶಾಲೆಯ ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸುವುದು, ಕ್ರಿಸ್‌ಮಸ್ ನಾಟಕದ ಕುರುಬರಿಗೆ ಅಜ್ಜನ ಹಳೆಯ ಶಾಲುಗಳನ್ನು ಹೊಂದಿಸುವುದು ಮೊದಲಾದವು ಲೆಕ್ಕಕ್ಕೆ ಸೇರದ ಚಿಲ್ಲರೆ ಕೆಲಸಗಳು.

ಬೆಳೆಹಬ್ಬ ಬಂದಾಗ ಆಕೆಯ ಪ್ರತಾಪವನ್ನು ನೋಡಬೇಕು. ಸಭೆಯವರು ತಂತಮ್ಮ ಹಿತ್ತಲಿನ ಬಾಳೆಗೊನೆ, ಹಲಸು, ತೆಂಗಿನಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಎಲ್ಲವನ್ನೂ ತಂದು ದೇವರಿಗೆ ಅರ್ಪಿಸುತ್ತಾರೆ. ಆರಾಧನೆಯಾದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ಒಂದು ತೆಂಗಿನಕಾಯಿಯನ್ನು ಒಬ್ಬರು ಕೊಂಡು ಹಣ ತೆತ್ತು, ಅದನ್ನೇ ಮತ್ತೆ ಏಲಂಗೆ ಕೊಡುತ್ತಾರೆ. ಹಾಗೆ ಐದಾರು ಕೈ ಸುತ್ತಿದ ಆ ಕಾಯಿ ದೇವಾಲಯದ ನಿಧಿಗೆ ತರುವ ಹಣಕ್ಕೂ ಸಂತೆಯ ಬೆಲೆಗೂ ಸಂಬಂಧವೇ ಇರುವುದಿಲ್ಲ. ಯಾರು ಎಷ್ಟು ಕೊಡಬಲ್ಲರು, ಯಾರನ್ನು ಎಷ್ಟು ಹುರಿದುಂಬಿಸಬೇಕು, ಯಾರ ಕಡೆಗೆ ನೋಡದೆಯೇ ಅವರ ಮಾನ ಕಾಯಬೇಕು ಎಂಬುದನ್ನು ಏಲಂ ಕೂಗುವವನಿಗೆ ಕಣ್ಸನ್ನೆಯಿಂದ ತಿಳಿಸುವವರು ಹಿಂದಿನ ಸಾಲಿನಲ್ಲಿ ನಿಂತ ಅಜ್ಜಿಯೇ.

ಈ ದುಡಿಮೆ ಇಂದು ನಿನ್ನೆಯದಲ್ಲ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲನಾದ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿಯೇ, ಅವನ ವಿಶ್ವಾಸವು ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿಯೂ ಅನಂತರ ತಾಯಿಯಾದ ಯೂನಿಕೆಯಲ್ಲಿಯೂ ಇದ್ದುದನ್ನು ಸ್ಮರಿಸುತ್ತಾನೆ. ಆ ಅಜ್ಜಿ ಏನು ಮಾಡಿದಳು, ಹೇಗೆ ಕಲಿಸಿದಳು ಎಂಬುದರ ವಿವರವಿಲ್ಲ, ಹೆಸರೊಂದು ಉಳಿದಿದೆ. ಯೊಪ್ಪ ಪಟ್ಟಣದ ದೊರ್ಕಳೆಂಬ ಸ್ತ್ರೀ ತೀರಿಕೊಂಡಾಗ, ವಿಧವೆಯರು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸಿ ಅತ್ತರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಆಕೆಯ ಜೀವಮಾನದ ವರದಿ ಆ ಬಟ್ಟೆಗಳೇ.

ಇಂಗ್ಲೆಂಡಿನ ಮೇರಿ ಸಮ್ನರ್ ಎಂಬ ಮಹಿಳೆಯ ವೃತ್ತಾಂತವೂ ಇಲ್ಲಿ ನೆನೆಯತಕ್ಕದ್ದು. ಹ್ಯಾಂಪ್‌ಶೈರಿನ ಓಲ್ಡ್ ಆಲ್ರೆಸ್‌ಫರ್ಡ್ ಎಂಬ ಹಳ್ಳಿಯ ಪಾದ್ರಿಯವರ ಪತ್ನಿಯಾಗಿದ್ದ ಆಕೆ, ಮಗಳಿಗೆ ಮಗು ಹುಟ್ಟಿ ತಾನು ಅಜ್ಜಿಯಾದಾಗ, ತಾಯ್ತನದ ಭಾರವನ್ನು ಹೊತ್ತ ತನ್ನ ದಿನಗಳನ್ನು ನೆನೆದು, ಊರಿನ ತಾಯಂದಿರನ್ನು ಒಟ್ಟುಗೂಡಿಸಲು ನಿಶ್ಚಯಿಸಿದರು. ಮೊದಲ ದಿನ ಮನೆಗೆ ಬಂದ ಹೆಂಗಸರನ್ನು ಕಂಡು ಬಾಯಿ ಕಟ್ಟಿಹೋಗಿ, 'ಮುಂದಿನ ವಾರ ಬನ್ನಿ' ಎಂದು ಅವರನ್ನು ಹಿಂದಕ್ಕೆ ಕಳುಹಿಸಿದರಂತೆ! 1876ರಲ್ಲಿ ಹೀಗೆ ಅಳುಕುತ್ತ ಹುಟ್ಟಿದ 'ಮದರ್ಸ್ ಯೂನಿಯನ್' ಇಂದು ಅನೇಕ ದೇಶಗಳಲ್ಲಿ ಹರಡಿರುವ ತಾಯಂದಿರ ಸಂಘ. ನಮ್ಮ ದೇಶದ ಮಿಜೋರಾಮಿನಲ್ಲಿ ಕ್ರೈಸ್ತ ಗೃಹಿಣಿಯರು ಪ್ರತಿ ಹೊತ್ತಿನ ಅಡಿಗೆಗೂ ಮುಂಚೆ ಒಂದು ಹಿಡಿ ಅಕ್ಕಿಯನ್ನು ದೇವರ ಪಾಲೆಂದು ತೆಗೆದಿಡುವ ಪದ್ಧತಿ 1910ರಿಂದ ನಡೆದುಬಂದಿದೆ. ಒಂದೊಂದೇ ಹಿಡಿಯಾಗಿ ಕೂಡಿದ ಆ ಅಕ್ಕಿಯ ಹಣ ಅಲ್ಲಿನ ಸಭೆಯ ಮುಖ್ಯ ಆಧಾರಗಳಲ್ಲೊಂದಾಯಿತು.

ನಮ್ಮ ಕರಾವಳಿಯ ಕಡೆಗೆ ತಿರುಗೋಣ. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಹೆರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಪತ್ರಿಕೆ, 1865ರಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಎಂದು ಶಾಲೆಯ ಮಕ್ಕಳೂ ಇಂದು ಒಪ್ಪಿಸಬಲ್ಲರು. ಇವೆಲ್ಲ ನಿಜವಾಗಿಯೂ ಹೆಮ್ಮೆಯ ಸಂಗತಿಗಳು. ಆದರೆ ಆ ಮುದ್ರಣಾಲಯದಲ್ಲಿ ಅಚ್ಚಾದ ಸಂಗೀತದ ಪುಸ್ತಕವನ್ನು ಮುಸ್ಸಂಜೆಯ ದೀಪದಲ್ಲಿ ಮೊಮ್ಮಕ್ಕಳ ಮುಂದೆ ತೆರೆದು ಹಾಡಿಸಿ, ಅಚ್ಚಿನ ಅಕ್ಷರವನ್ನು ಮನೆಯ ಮಾತಾಗಿಸಿದವರು ಯಾರು? ಅವರ ಹೆಸರು ಯಾವ ನಿಘಂಟಿನಲ್ಲಿಯೂ ಸಿಕ್ಕುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡುವುದು ನ್ಯಾಯ. ಇಂಥ ಅಜ್ಜಿಯಿರುವ ಮನೆಯಲ್ಲಿ ಸೊಸೆಗೆ ಒಂದು ಸಣ್ಣ ಅಸಮಾಧಾನವಿರುತ್ತದೆ. 'ಅತ್ತೆಗೆ ಊರವರೆಲ್ಲರ ಜ್ವರ ಗೊತ್ತು; ನಮ್ಮ ಮಗುವಿಗೆ ನಾಳೆ ಪರೀಕ್ಷೆಯೆಂಬುದು ಗೊತ್ತಿಲ್ಲ' ಎಂದು ಆಕೆ ಗೊಣಗಿದರೆ ಅದನ್ನು ಸುಳ್ಳೆನ್ನಲಾಗದು. ಕಚೇರಿಗೆ ಹೋಗಿ ದುಡಿಯುವ ಸೊಸೆ, ಸಂಜೆ ಮಗುವನ್ನು ನೋಡಿಕೊಳ್ಳುವವರು ಮನೆಯಲ್ಲಿರಲೆಂದು ಬಯಸುವುದು ಅಪರಾಧವೇ? ಬೆಂಗಳೂರಿನಲ್ಲಿರುವ ಮಗನ ಚಿಂತೆ ಬೇರೆ. 'ಅಮ್ಮಾ, ಮೊಣಕಾಲು ಊದಿಕೊಂಡಿದೆ. ಇನ್ನು ಸಾಕು ಮಾಡಿ. ಇಲ್ಲಿ ಬಂದು ಕೂತುಕೊಳ್ಳಿ' ಎಂದು ಫೋನಿನಲ್ಲಿ ಅಂಗಲಾಚುತ್ತಾನೆ. 'ಕೂತರೆ ನನ್ನನ್ನು ಎಬ್ಬಿಸುವವರು ಯಾರು ಮಗಾ?' ಎಂದು ಅಜ್ಜಿ ನಗುತ್ತಾರೆ. ಆ ನಗುವಿನೊಳಗೆ ಒಂದು ಹೆದರಿಕೆಯೂ ಇದೆ. ಯಾರಿಗೂ ಬೇಡವಾಗಿ ಕುಳಿತ ದೇಹ ಬೇಗ ಮುದಿಯಾಗುತ್ತದೆಂಬುದನ್ನು ಆಕೆ ತನ್ನ ಓರಗೆಯವರಲ್ಲಿ ಕಂಡಿದ್ದಾರೆ.

ದೇವಾಲಯದ ಕಡೆಯ ತಪ್ಪು ಇದಕ್ಕಿಂತ ದೊಡ್ಡದು. ಕಾಣಿಕೆಯ ಪೆಟ್ಟಿಗೆಗೆ ಬಿದ್ದ ಪ್ರತಿಯೊಂದು ರೂಪಾಯಿಗೂ ಅಲ್ಲಿ ಲೆಕ್ಕವುಂಟು, ಲೆಕ್ಕ ಪರಿಶೋಧಕರುಂಟು. ಆದರೆ ಅಜ್ಜಿಯ ಗಂಜಿಗೆ, ಆಟೋರಿಕ್ಷಾ ಬಾಡಿಗೆಗೆ, ಇಸ್ತ್ರಿಯ ವಿದ್ಯುತ್ತಿಗೆ ಲೆಕ್ಕವಿಲ್ಲ. ವಾರ್ಷಿಕ ವರದಿಯ ಕೊನೆಯಲ್ಲಿ 'ಸ್ತ್ರೀ ಸಂಘದವರಿಗೂ ವಂದನೆಗಳು' ಎಂಬ ಒಂದು ಪಂಕ್ತಿ. ಅದರಲ್ಲಿಯೂ ಆ 'ಊ'ಕಾರವನ್ನು ಗಮನಿಸಬೇಕು. ಕಾಲ ಬದಲಾಗುತ್ತಿದೆ, ನಿಜ. ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪರಾಗಿ ಅಭಿಷಿಕ್ತರಾದರು. ಆ ಸಭೆಯ ಪ್ರಥಮ ಮಹಿಳಾ ಬಿಷಪರು ಅವರು. ಶಿಖರದಲ್ಲಿ ಸ್ತ್ರೀಗೆ ಆಸನ ದೊರೆತದ್ದು ಸಂತೋಷ. ಅಡಿಪಾಯದಲ್ಲಿ ನಿಂತವರಿಗೆ ಒಂದು ಕುರ್ಚಿಯೂ ಬೇಕಾಗಿದೆ.

ನನಗೆ ಪರಿಚಿತರಾದ ಅಜ್ಜಿಯೊಬ್ಬರು ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳು ಹಾಸಿಗೆ ಹಿಡಿದರು. ಮೊದಲ ಎರಡು ವಾರಗಳಲ್ಲಿಯೇ ಅವರ ಬೆಲೆ ಎಲ್ಲರಿಗೂ ತಿಳಿಯಿತು. ವೇದಿಯ ವಸ್ತ್ರದ ಬೀಗದ ಕೈ ಎಲ್ಲಿದೆಯೆಂದು ಕೇಳಲು ಒಬ್ಬರು ಬಂದರು; ಸಭಾಗೃಹದ ದೊಡ್ಡ ಹಂಡೆಯನ್ನು ಯಾರ ಮನೆಗೆ ಕೊಟ್ಟಿದೆಯೆಂದು ಕೇಳಲು ಇನ್ನೊಬ್ಬರು ಬಂದರು. ಓಣಿಯ ಕೊನೆಯ ಮನೆಯಲ್ಲಿ ಒಂಟಿಯಾಗಿದ್ದ ಕಣ್ಣು ಕಾಣದ ಮುದುಕಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅಂಥವರೊಬ್ಬರಿರುವುದು ಅಜ್ಜಿಯೊಬ್ಬರಿಗೇ ಗೊತ್ತಿತ್ತು.

ಅವರ ದಿಂಬಿನ ಕೆಳಗೆ ರಟ್ಟು ಹರಿದ ನೋಟುಪುಸ್ತಕವೊಂದಿತ್ತು. ಕಾಲೇಜಿನ ರಜೆಗೆ ಬಂದಿದ್ದ ಮೊಮ್ಮಗಳನ್ನು ಕರೆದು, 'ಇದನ್ನು ಓದಿ ಹೇಳು' ಎಂದರು. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಹುಡುಗಿಗೆ ಅಜ್ಜಿಯ ಮೋಡಿಯ ಕನ್ನಡ ಒಂದು ಪುಟ ಓದಲು ಅರ್ಧ ಗಂಟೆ ಹಿಡಿಯಿತು. ಒಂದೊಂದು ಮನೆಗೂ ಒಂದೊಂದು ಪುಟ. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗ ಗಲ್ಫಿನಿಂದ ಹಣ ಕಳಿಸುವುದನ್ನು ನಿಲ್ಲಿಸಿದ್ದಾನೆ, ಯಾರು ಯಾವ ತಾರೀಕಿನಂದು ತೀರಿಕೊಂಡರು, ಆ ದಿನ ಯಾರನ್ನು ಹೋಗಿ ಮಾತನಾಡಿಸಬೇಕು. ಅಂಚಿನಲ್ಲಿ ಸಣ್ಣಕ್ಷರದಲ್ಲಿ 'ದುಡ್ಡು ಕೊಟ್ಟರೆ ನೊಂದುಕೊಳ್ಳುತ್ತಾರೆ, ಅಕ್ಕಿ ಕೊಡುವುದು' ಎಂಬಂಥ ಟಿಪ್ಪಣಿಗಳು. ಮೊಮ್ಮಗಳು ದಿನಕ್ಕೊಂದು ಪುಟ ಓದುವಳು. ಅಜ್ಜಿ ಹೇಳಿದ ಮನೆಗೆ ಫೋನು ಮಾಡುವಳು ಇಲ್ಲವೆ ಹೋಗಿಬರುವಳು. ಕಣ್ಣು ಕಾಣದ ಮುದುಕಿಗೆ ಗಂಜಿಯೂ ತಲುಪಿತು. ಅದನ್ನು ಬೇಯಿಸಿ ಪಾತ್ರೆಗೆ ತುಂಬಿಸಿಕೊಟ್ಟವರು, ಅದುವರೆಗೆ ಗೊಣಗುತ್ತಿದ್ದ ಸೊಸೆಯೇ. ಪುಸ್ತಕದಲ್ಲಿ ತಮ್ಮ ಮನೆಗೂ ಒಂದು ಪುಟವಿದ್ದುದನ್ನೂ, ಅಲ್ಲಿ ತನಗೆ ಬರುವ ತಲೆನೋವಿನ ಬಗ್ಗೆ ಅತ್ತೆ ಬರೆದಿಟ್ಟುಕೊಂಡಿದ್ದುದನ್ನೂ ಮಗಳು ಓದಿ ಹೇಳಿದ್ದಳು.

ವಾಚಕರು ಯೋಚಿಸಬೇಕಾದದ್ದು ಇಲ್ಲಿದೆ. ಅಜ್ಜಿಗೆ 'ಸಾಕು, ಕುಳಿತಿರಿ' ಎನ್ನುವುದು ಪ್ರೀತಿಯ ಮಾತೇ ಆದರೂ ಆಕೆಗೆ ಬೇಕಾದ ಮಾತು ಅದಲ್ಲ. 'ಅರ್ಧ ನನಗೆ ಕೊಡಿ' ಎಂಬ ಮಾತು ಬೇಕು. ಭಾರವಾದ ಹಂಡೆಯನ್ನು ಹುಡುಗರು ಎತ್ತಲಿ. ಗಂಜಿಯ ಖರ್ಚನ್ನು ಸಭೆಯ ನಿಧಿ ವಹಿಸಲಿ. ವರದಿಯಲ್ಲಿ ಒಂದು ಪಂಕ್ತಿಯ ಬದಲು ಒಂದು ಪುಟ ಇರಲಿ. ವಾರದಲ್ಲಿ ಎರಡು ಸಂಜೆ ಮೊಮ್ಮಕ್ಕಳಿಗೆಂದೇ ಮೀಸಲಿಡಲು ಅಜ್ಜಿಯೂ ಒಪ್ಪಿಕೊಳ್ಳಲಿ. ಆದರೆ ಯಾವ ಮನೆಯ ಬಾಗಿಲನ್ನು ಯಾವಾಗ ತಟ್ಟಬೇಕೆಂಬ ವಿದ್ಯೆಯನ್ನು ಆಕೆಯ ಪಕ್ಕದಲ್ಲಿ ನಡೆದೇ ಕಲಿಯಬೇಕು. ಆಕೆ ನಡೆಯುತ್ತಿರುವಾಗಲೇ ಕಲಿಯಬೇಕು.

ಇದು ಕ್ರೈಸ್ತರ ಮನೆಯ ಮಾತು ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ಭಜನಾ ಮಂಡಳಿಯ ದೀಪಕ್ಕೆ ಬತ್ತಿ ಹೊಸೆಯುವ ಅಜ್ಜಿ, ಬಸದಿಯಲ್ಲಿ ಪೂಜೆಗೆ ಅಕ್ಷತೆ ಆರಿಸುವ ಅಜ್ಜಿ, ಓಣಿಯ ಬಾಣಂತಿಯರನ್ನೆಲ್ಲ ವಿಚಾರಿಸಿಕೊಳ್ಳುವ ಅಜ್ಜಿ, ಎಲ್ಲರೂ ಇದೇ ಪಂಗಡಕ್ಕೆ ಸೇರಿದವರು. ಅಂಥವರೊಬ್ಬರು ನಿಮ್ಮ ಮನೆಯಲ್ಲಿದ್ದರೆ, ಇಂದು ಸಂಜೆ ಅವರು ಚಪ್ಪಲಿ ಮೆಟ್ಟುವಾಗ 'ಎಲ್ಲಿಗೆ?' ಎಂದು ಕೇಳಿ ಸುಮ್ಮನಾಗಬೇಡಿ. ನೀವೂ ಚಪ್ಪಲಿ ಮೆಟ್ಟಿಕೊಳ್ಳಿ.