ಒಂದು ಪಾಠ ಯೋಜನೆಗೆ ಎಷ್ಟು ಪ್ರತಿ?

ಪಾಠ ಬೋಧನಾಭ್ಯಾಸದ ವೀಕ್ಷಣೆಗೆಂದು ಶಾಲೆಗೆ ಹೋದಾಗ ನಾವು ಬೋಧಕರು ಮೊದಲು ಕೇಳುವುದು ಪಾಠ ಯೋಜನೆಯನ್ನು. ಈಚಿನ ವರ್ಷಗಳಲ್ಲಿ ಇದಕ್ಕೆ ಉತ್ತರವಾಗಿ ಬರುವುದು ಇನ್ನೊಂದು ಪ್ರಶ್ನೆ. 'ಯಾವುದು ಮೇಡಂ, ಪ್ರಿಂಟ್ ತೆಗೆಸಿದ್ದಾ, ಫೋನಲ್ಲಿರೋದಾ?' ಎರಡೂ ಒಂದೇ ತಾನೆ ಎಂದರೆ, 'ಸ್ವಲ್ಪ ಚೇಂಜ್ ಇದೆ ಮೇಡಂ' ಎನ್ನುತ್ತಾರೆ. ಆ 'ಸ್ವಲ್ಪ ಚೇಂಜ್' ಬಗ್ಗೆಯೇ ಈ ಬರಹ.

8ನೇ ತರಗತಿಯ ವಿಜ್ಞಾನದ 'ದಹನ ಮತ್ತು ಜ್ವಾಲೆ' ಪಾಠವನ್ನೇ ತೆಗೆದುಕೊಳ್ಳಿ. ಪ್ರಶಿಕ್ಷಣಾರ್ಥಿ ಯೋಜನೆಯನ್ನು ಕಾಲೇಜಿನ ಲ್ಯಾಬಿನಲ್ಲಿ ಟೈಪ್ ಮಾಡುತ್ತಾಳೆ. ಒಂದು ಪ್ರತಿ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಇನ್ನೊಂದು ಪೆನ್‌ಡ್ರೈವಿಗೆ. ತಿದ್ದಿಕೊಡಿ ಎಂದು ನನಗೆ ವಾಟ್ಸಾಪ್‌ನಲ್ಲಿ ಮತ್ತೊಂದು. ನಾನು ತಿದ್ದಿ ಕಳಿಸಿದ್ದು ಅವಳ ಫೋನಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ಹೆಸರಿನ ಕೊನೆಗೆ 1 ಎಂಬ ಬಾಲ ಸೇರಿಸಿಕೊಂಡು ಕುಳಿತಿರುತ್ತದೆ. ಜೆರಾಕ್ಸ್ ಅಂಗಡಿಯವರ ನಂಬರಿಗೆ ಹೋದದ್ದು ಬೇರೆ. ಹೆಸರುಗಳೋ, 'ಲೆಸನ್ ಪ್ಲಾನ್ ಫೈನಲ್', 'ಫೈನಲ್ ನ್ಯೂ', 'ಫೈನಲ್ ಕರೆಕ್ಟೆಡ್'. ಮೊದಲು ಮೇಣದಬತ್ತಿ ಹಚ್ಚು, ಜ್ವಾಲೆಯಲ್ಲಿ ಏನೇನು ಕಾಣುತ್ತದೆಂದು ಮಕ್ಕಳ ಬಾಯಿಂದಲೇ ಹೇಳಿಸು, ಆಮೇಲೆ ವಲಯಗಳ ಹೆಸರು ಕೊಡು ಎಂದು ನಾನು ಒಂದು ಪ್ರತಿಯಲ್ಲಿ ಬರೆದಿರುತ್ತೇನೆ. ಅವಳು ತರಗತಿಗೆ ಹಿಡಿದು ಹೋಗುವುದು ಇನ್ನೊಂದನ್ನು. ಚಾರ್ಟ್ ತೂಗುಹಾಕಿ, ಮೂರು ವಲಯಗಳ ಹೆಸರು ಓದಿಸಿ ಪಾಠ ಮುಗಿಯುತ್ತದೆ. ಮೇಣದಬತ್ತಿ ಬ್ಯಾಗಿನಲ್ಲೇ ಇರುತ್ತದೆ. ನನ್ನ ಸಲಹೆ ಕಳೆದುಹೋಗಿಲ್ಲ, ಅವಳ ಫೋನಿನಲ್ಲೇ ಇದೆ. ಆ ನಲವತ್ತು ನಿಮಿಷಕ್ಕೆ ಮಾತ್ರ ಒದಗಲಿಲ್ಲ.

ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು; ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರಗಳಿಗೆ ಏರಿತು. ಅಷ್ಟು ವಾರಗಳಲ್ಲಿ ಹುಟ್ಟುವ ಕಾಗದ ಎಷ್ಟೆಂದು ನಮಗೆಲ್ಲ ಗೊತ್ತು: ಪಾಠ ಯೋಜನೆ, ಘಟಕ ಯೋಜನೆ, ಘಟಕ ಪರೀಕ್ಷೆಯ ನೀಲನಕ್ಷೆ, ಸಹಪಾಠಿ ವೀಕ್ಷಣಾ ನಮೂನೆ, ವ್ಯಕ್ತಿ ಅಧ್ಯಯನ, ಕ್ರಿಯಾ ಸಂಶೋಧನೆ. ಮೇಲೆ ಫೋಟೊ, ವಿಡಿಯೊ. ಅದೇ ಪಠ್ಯಕ್ರಮ ಚೌಕಟ್ಟಿನಲ್ಲಿ ಐಸಿಟಿಯನ್ನು ವಿಮರ್ಶಾತ್ಮಕವಾಗಿ ಅರಿಯುವ ಒಂದು ಇಪಿಸಿ ಕೋರ್ಸೂ ಇದೆ. ಅದರಲ್ಲಿ ಪಿಪಿಟಿ ಮಾಡುವುದನ್ನು ಕಲಿಸುತ್ತೇವೆ. ಮಾಡಿದ್ದನ್ನು ಎಲ್ಲಿಡಬೇಕು, ಮೊಬೈಲಿನಲ್ಲಿ ತಿದ್ದಿದ್ದು ಲ್ಯಾಬಿನ ಕಂಪ್ಯೂಟರಿಗೆ ಹೇಗೆ ಬರಬೇಕು ಎಂಬುದನ್ನು 'ಈಗಿನ ಹುಡುಗರಿಗೆ ಅದೆಲ್ಲ ಗೊತ್ತಿರುತ್ತೆ ಬಿಡಿ' ಎಂದು ಬಿಟ್ಟಿದ್ದೇವೆ. ಗೊತ್ತಿಲ್ಲ. ಫೋನ್ ಬಳಸಲು ಗೊತ್ತಿದೆ, ಕಡತ ಇಟ್ಟುಕೊಳ್ಳಲು ಗೊತ್ತಿಲ್ಲ. ಇದನ್ನು ಐಸಿಟಿ ಪತ್ರಿಕೆಗೆ ತಳ್ಳದೆ ಬೋಧನಾಭ್ಯಾಸದ ಭಾಗವಾಗಿಯೇ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಪಾಠವನ್ನು ಮತ್ತೆ ಯೋಚಿಸುವ ಕೆಲಸ ನಡೆಯುವುದು ಆ ಕಡತದಲ್ಲೇ.

ಮೊದಲಿಗೆ ಸಿಂಕ್ ಎಂಬ ಮಾತನ್ನೇ ಬಿಡಿಸಿ ಹೇಳಬೇಕು. ಬಹಳಷ್ಟು ಪ್ರಶಿಕ್ಷಣಾರ್ಥಿಗಳು ಅದನ್ನು ಬ್ಯಾಂಕ್ ಲಾಕರಿನ ಹಾಗೆ ಭಾವಿಸಿದ್ದಾರೆ: ಒಮ್ಮೆ ಡ್ರೈವಿಗೆ ಹೋದರೆ ಭದ್ರ. ಸಿಂಕ್ ಹೆಚ್ಚು ಹೋಲುವುದು ಕನ್ನಡಿಯನ್ನು. ಇಲ್ಲಿ ಬದಲಾದದ್ದು ಅಲ್ಲಿಯೂ ಬದಲಾಗುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಫೋನಿನಲ್ಲಿ ಜಾಗವಿಲ್ಲವೆಂದು ಗೂಗಲ್ ಫೋಟೋಸ್ ತೆರೆದು ಪಾಠೋಪಕರಣಗಳ ಚಿತ್ರಗಳನ್ನೆಲ್ಲ ಅಳಿಸಿದ ಪ್ರಶಿಕ್ಷಣಾರ್ಥಿಯೊಬ್ಬಳಿದ್ದಳು. ಬ್ಯಾಕಪ್ ಆಗಿದೆ, ಮೇಲೆ ಇದ್ದೇ ಇರುತ್ತದೆ ಎಂಬ ಧೈರ್ಯ. ಅದೇ ಆ್ಯಪಿನಲ್ಲಿ ಫೋನಿನ ಜಾಗವನ್ನಷ್ಟೇ ತೆರವು ಮಾಡುವ 'ಫ್ರೀ ಅಪ್ ಸ್ಪೇಸ್' ಎಂಬ ಬೇರೆ ಆಯ್ಕೆ ಇದೆ. ನೇರವಾಗಿ ಡಿಲೀಟ್ ಒತ್ತಿದರೆ ಎರಡೂ ಕಡೆ ಹೋಗುತ್ತದೆ. ಬ್ಯಾಕಪ್ ಆದ ಚಿತ್ರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಗೂಗಲ್ ಡ್ರೈವಿನಲ್ಲಿ ಅಳಿಸಿದ ಕಡತ 30 ದಿನ. ಅವಳು ನೋಡಿದ್ದು ದಾಖಲೆ ಒಪ್ಪಿಸುವ ವಾರ. ಅಷ್ಟರಲ್ಲಿ ಅವಧಿ ಮೀರಿತ್ತು. ಡ್ರೈವಿನಲ್ಲಿದ್ದರೂ ಮುಖ್ಯ ದಾಖಲೆಗಳ ಇನ್ನೊಂದು ಪ್ರತಿ, ಸಿಂಕ್‌ಗೆ ಸೇರದ ಒಂದು ಪೆನ್‌ಡ್ರೈವಿನಲ್ಲಿ, ವಾರಕ್ಕೊಮ್ಮೆಯಾದರೂ ಇಳಿಯಬೇಕು ಎನ್ನುವುದು ಇದಕ್ಕೇ.

ಜಾಗದ ಲೆಕ್ಕವೂ ತಿಳಿದಿರಬೇಕು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಡ್ರೈವಿಗೆ ಮಾತ್ರ ಅಲ್ಲ. ಜಿಮೇಲ್, ಫೋಟೋಸ್ ಎಲ್ಲ ಸೇರಿ. 2021ರ ಜೂನ್‌ನಿಂದ ಹೊಸ ಫೋಟೊಗಳೂ ಈ ಲೆಕ್ಕಕ್ಕೆ ಬರುತ್ತವೆ. ಒನ್‌ಡ್ರೈವಿನಲ್ಲಿ ಉಚಿತ 5 ಜಿಬಿ, ಡ್ರಾಪ್‌ಬಾಕ್ಸಿನಲ್ಲಿ 2. ಒಂದು ಪೂರ್ಣ ಪಿರಿಯಡ್ಡಿನ ವಿಡಿಯೊ ಹಲವು ಜಿಬಿ ನುಂಗುತ್ತದೆ. ಜಾಗ ತುಂಬಿದ ಮೇಲೆ ಹೊಸದೇನೂ ಮೇಲೆ ಹೋಗುವುದಿಲ್ಲ, ಜಿಮೇಲಿಗೆ ಪತ್ರ ಬರುವುದೂ ನಿಲ್ಲುತ್ತದೆ. ಪಾಠವಿಡೀ ರೆಕಾರ್ಡ್ ಮಾಡಿ ಎಂದು ಹೇಳುವ ನಾವು ಇದನ್ನೂ ಹೇಳಬೇಕಲ್ಲವೆ?

ಕನ್ನಡ ಮಾಧ್ಯಮದ ನಮಗೆ ಇಂಗ್ಲಿಷಿನವರಿಗಿಲ್ಲದ ಒಂದು ತೊಡಕಿದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಲ್ಯಾಬಿನ ಕಂಪ್ಯೂಟರಿನಲ್ಲಿ ಅಂದವಾಗಿ ಕಾಣುತ್ತವೆ, ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಡತ ಕೆಟ್ಟಿದೆ ಎಂದುಕೊಂಡು ಇಡೀ ಯೋಜನೆಯನ್ನು ಮತ್ತೆ ಟೈಪ್ ಮಾಡಿದವರನ್ನು ಕಂಡಿದ್ದೇನೆ. ಕಡತ ಕೆಟ್ಟಿರುವುದಿಲ್ಲ. ಅದರೊಳಗಿರುವುದು ಕನ್ನಡ ಅಕ್ಷರವೇ ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಆ ಫಾಂಟು ಕನ್ನಡದ ಮುಖ ತೊಡಿಸಿರುತ್ತದೆ. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಇಂಥ ಕಡತವನ್ನು ಡ್ರೈವಿನಲ್ಲಿ 'ಜ್ವಾಲೆ' ಎಂದು ಹುಡುಕಿದರೂ ಸಿಗದು. ಎಲ್ಲ ಸಾಧನಗಳಲ್ಲಿ ಒಂದೇ ಕಡತ ಓಡಾಡಬೇಕೆಂದರೆ ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಬಹುದು, ಆದರೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಬೇಕು. ಇಲಾಖೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಾದರಿಯಾಗಿ ಹಂಚುವ ನಾವೂ ಈ ಕೆಲಸ ಒಮ್ಮೆ ಮಾಡಿಟ್ಟರೆ ಪ್ರತಿ ಬ್ಯಾಚಿನ ಗೋಳು ತಪ್ಪುತ್ತದೆ.

ಇನ್ನು ನೆಟ್‌ವರ್ಕ್. ಅಭ್ಯಾಸ ಶಾಲೆಗಳಲ್ಲಿ ಕೆಲವಕ್ಕೆ ಸಿಗ್ನಲ್ ಸಿಗುವುದು ಧ್ವಜಕಟ್ಟೆಯ ಬಳಿ ಮಾತ್ರ. ಡ್ರೈವಿನ ಪಟ್ಟಿಯಲ್ಲಿ ಹೆಸರು ಕಂಡಮಾತ್ರಕ್ಕೆ ಕಡತ ಫೋನಿನಲ್ಲಿದೆ ಎಂದಲ್ಲ. ಹಿಂದಿನ ರಾತ್ರಿಯೇ ಆ ಕಡತವನ್ನು ಆಫ್‌ಲೈನ್‌ಗೆ ಲಭ್ಯವಾಗುವಂತೆ ಗುರುತು ಹಾಕಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೆರೆದು ನೋಡಿ ಎನ್ನುತ್ತೇನೆ. ಆಗ ತೆರೆದರೆ ಶಾಲೆಯಲ್ಲೂ ತೆರೆಯುತ್ತದೆ. ಒಂದು ಎಚ್ಚರಿಕೆ: ನೆಟ್ ಇಲ್ಲದ ಶಾಲೆಯಲ್ಲಿ ಫೋನಿನಲ್ಲಿ ತಿದ್ದಿ, ಅದು ಮೇಲೆ ಹೋಗುವ ಮೊದಲೇ ಲ್ಯಾಬಿನಲ್ಲಿ ಅದೇ ವರ್ಡ್ ಕಡತವನ್ನು ತಿದ್ದಿದರೆ ಯಾವುದು ಸರಿ ಎಂದು ಯಂತ್ರಕ್ಕೆ ತಿಳಿಯದು. ಡ್ರಾಪ್‌ಬಾಕ್ಸ್ ಆದರೆ 'ಕಾನ್‌ಫ್ಲಿಕ್ಟೆಡ್ ಕಾಪಿ' ಎಂದು ಎರಡನೆಯದನ್ನು ಪಕ್ಕಕ್ಕಿಡುತ್ತದೆ, ನಾವೇ ಕೂತು ಎರಡನ್ನೂ ಹೋಲಿಸಬೇಕು.

ಜೆರಾಕ್ಸ್ ಅಂಗಡಿಯ ಬಗ್ಗೆಯೂ ಒಂದು ಮಾತು. ನಮ್ಮ ಬಹಳಷ್ಟು ಪ್ರಶಿಕ್ಷಣಾರ್ಥಿಗಳಿಗೆ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಅಂಗಡಿಯ ಕಂಪ್ಯೂಟರೇ ಅವರ ಮೂರನೆಯ ಸಾಧನ. ಅಲ್ಲಿ ತಮ್ಮ ಖಾತೆ ತೆರೆದು, ಪ್ರಿಂಟ್ ತೆಗೆದು, ಬಸ್ಸಿಗೆ ಓಡುತ್ತಾರೆ. ಖಾತೆ ತೆರೆದೇ ಇರುತ್ತದೆ. ಪಿಡಿಎಫ್ ಒಂದನ್ನಷ್ಟೇ ಕೊಡುವುದು ವಾಸಿ. ಖಾತೆ ತೆರೆಯಲೇಬೇಕಾದರೆ, ಹೊರಬಂದ ಮೇಲೆ ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ಸಾಧನಗಳ ಪಟ್ಟಿ ನೋಡಿ ಆ ಕಂಪ್ಯೂಟರಿನಿಂದ ಸೈನ್ ಔಟ್ ಮಾಡಬಹುದು. ಬಸ್ಸಿನಲ್ಲಿ ಕೂತೇ ಆಗುವ ಕೆಲಸ.

ಇದು ಇಷ್ಟು ಮುಖ್ಯ ಏಕೆಂದರೆ ಆ ಖಾತೆಯೊಳಗೆ ಇರುವುದು ನಮ್ಮ ಪ್ರಶಿಕ್ಷಣಾರ್ಥಿಯ ಬರವಣಿಗೆ ಮಾತ್ರ ಅಲ್ಲ, ಮಕ್ಕಳೂ ಇದ್ದಾರೆ. ವ್ಯಕ್ತಿ ಅಧ್ಯಯನದ ಕಡತಗಳನ್ನು ತೆರೆದು ನೋಡಿ. ಮಗುವಿನ ಪೂರ್ಣ ಹೆಸರು, ತಂದೆಯ ಕುಡಿತ, ತಾಯಿ ಮನೆ ಬಿಟ್ಟ ವರ್ಷ, ಘಟಕ ಪರೀಕ್ಷೆಯ ಅಂಕ, ಎಸ್‌ಎಟಿಎಸ್ ಸಂಖ್ಯೆ, ಒಂದು ಫೋಟೊ. ನಮಗೆ ಕಳಿಸುವಾಗ ಅನುಮತಿಯ ಕಿರಿಕಿರಿ ಬೇಡವೆಂದು 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂದು ಹಾಕಿರುತ್ತಾರೆ. ಆ ಲಿಂಕ್ ಬ್ಯಾಚಿನ ಗುಂಪಿನಲ್ಲಿ ಬಿದ್ದಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳು ಎನ್ನುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತನ್ನಾಡುತ್ತದೆ. ಕಾನೂನು ಹಾಗಿರಲಿ. ಮನೆಯ ಸಂಕಟವನ್ನು ಇಂಟರ್ನ್‌ಶಿಪ್ಪಿಗೆ ಬಂದ ಅಕ್ಕನ ಬಳಿ ನಂಬಿ ಹೇಳಿಕೊಂಡ ಹುಡುಗಿ, ಅದು ಯಾವುದೋ ಗುಂಪಿನಲ್ಲಿ ತಿರುಗಲಿ ಎಂದು ಹೇಳಿರುವುದಿಲ್ಲ. ಕಡತದಲ್ಲಿ 'ವಿದ್ಯಾರ್ಥಿನಿ ಕ' ಎಂದಿದ್ದರೆ ಅಧ್ಯಯನಕ್ಕೆ ಯಾವ ಊನವೂ ಆಗದು. ಹೆಸರಿನ ಪಟ್ಟಿ ಶಾಲೆಯ ರಿಜಿಸ್ಟರಿನಲ್ಲೇ ಇರಲಿ. ಫೋಟೊ ಬೇಕೆಂದರೆ ಮಕ್ಕಳ ಕೈ, ಅವರು ಮಾಡಿದ ಮಾದರಿ, ಕಪ್ಪುಹಲಗೆ ಸಾಕು. ಮುಖವಿರುವ ಫೋಟೊ ಅಂಟಿಸಿದವರಿಗೆ ಹೆಚ್ಚು ಅಂಕ ಕೊಡುವ ರೂಢಿಯನ್ನು ಬಿಡಬೇಕಾದವರು ನಾವು.

ಕೈಬರಹದ ಪಾಠ ಯೋಜನೆಯೇ ಒಳ್ಳೆಯದು, ಈ ಗೊಂದಲವೇ ಬೇಡ ಎನ್ನುವ ಹಿರಿಯ ಸಹೋದ್ಯೋಗಿಗಳಿದ್ದಾರೆ. ಅವರ ಮಾತಿನಲ್ಲಿ ಅರ್ಧ ನನಗೆ ಒಪ್ಪಿಗೆ. ಮೊದಲ ಕೆಲವು ಪಾಠಗಳನ್ನು ಕೈಯಲ್ಲಿ ಬರೆದವರು ಪ್ರತಿ ವಾಕ್ಯಕ್ಕೂ ಒಮ್ಮೆ ನಿಂತು ಯೋಚಿಸುತ್ತಾರೆ. ಹಿಂದಿನ ಬ್ಯಾಚಿನ ಡ್ರೈವ್ ಕೈಗೆ ಸಿಕ್ಕವರು ಹಾಗೆ ನಿಲ್ಲುವುದಿಲ್ಲ; ಯೋಜನೆಯಲ್ಲಿ ಹಳೆಯ ಶಾಲೆಯ ಹೆಸರು ಉಳಿದುಬಿಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಕೈಬರಹದ ಪುಸ್ತಕದಿಂದಲೂ ನಕಲು ಸಲೀಸಾಗಿಯೇ ನಡೆಯುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಒಂದು ಅನುಕೂಲ ಗೂಗಲ್ ಡಾಕ್ಸಿನಂಥ ಕಡತದಲ್ಲಿದೆ. ಬದಲಾವಣೆಯ ಇತಿಹಾಸ ಅದರೊಳಗೇ ಇರುತ್ತದೆ. ಸೋಮವಾರ 8ನೇ ಎ ವಿಭಾಗಕ್ಕೆ ಮಾಡಿದ ಪಾಠವನ್ನು ಬುಧವಾರ ಬಿ ವಿಭಾಗಕ್ಕೆ ಮಾಡುವ ಮೊದಲು ಪ್ರಶಿಕ್ಷಣಾರ್ಥಿ ಏನು ಬದಲಿಸಿದಳು? ಫ್ಯಾನ್ ಗಾಳಿಗೆ ಮೇಣದಬತ್ತಿ ಆರಿದ್ದಕ್ಕೆ ಕಿಟಕಿ ಮುಚ್ಚಿ ಫ್ಯಾನ್ ಆರಿಸುವ ಸಾಲು ಸೇರಿತೆ? 'ಜ್ವಾಲೆಯ ವಲಯಗಳು ಯಾವುವು?' ಎಂಬ ಪ್ರಶ್ನೆ 'ಬತ್ತಿಯ ಹತ್ತಿರ ಯಾಕೆ ಕಪ್ಪಾಗಿದೆ?' ಎಂದಾಯಿತೆ? ನೂರು ಪುಟಗಳ ಅಂದದ ಪಿಡಿಎಫ್‌ಗಿಂತ ಈ ಎರಡು ಸಾಲಿನ ಬದಲಾವಣೆ ಅವಳು ಕಲಿತದ್ದನ್ನು ಹೆಚ್ಚು ಹೇಳುತ್ತದೆ. ನಾವು ಅಂಕ ಕೊಡುತ್ತಿರುವುದು ಪಿಡಿಎಫ್‌ಗೆ.

ಇಂಟರ್ನ್‌ಶಿಪ್ಪಿನ ಮೊದಲ ವಾರದಲ್ಲಿ ಇದಕ್ಕೆ ಎರಡು ಪಿರಿಯಡ್ ಸಾಕು. ಪ್ರತಿ ಪಾಠಕ್ಕೆ ಒಂದೇ ಕಡತ, ಅದಕ್ಕೆ ತರಗತಿ, ವಿಷಯ, ಪಾಠದ ಹೆಸರು, ದಿನಾಂಕವಿರುವ ಹೆಸರು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಮೊದಲಿಗೇ ಬರೆದರೆ ಪಟ್ಟಿ ತಾನಾಗಿ ಸಾಲುಗೂಡುತ್ತದೆ. 'ಫೈನಲ್' ಎಂಬ ಪದಕ್ಕೆ ನಿಷೇಧ. ವಾಟ್ಸಾಪ್‌ನಲ್ಲಿ ಕಡತ ಬೇಡ, ಲಿಂಕ್ ಬರಲಿ. ಆ ಲಿಂಕ್ ಮಾರ್ಗದರ್ಶಿ ಶಿಕ್ಷಕರು, ವಿಧಾನ ಬೋಧಕರು ಇಬ್ಬರಿಗೆ ಮಾತ್ರ ತೆರೆಯಲಿ. ಕೊನೆಯ ವಾರದಲ್ಲಿ ಇನ್ನೊಂದು ಪಿರಿಯಡ್: ಮಕ್ಕಳ ಮಾಹಿತಿ ಅಳಿಸುವುದು, ಹಂಚಿಕೆ ನಿಲ್ಲಿಸುವುದು, ಕಾಲೇಜು ಕೊಟ್ಟ ಖಾತೆಯಾದರೆ ತಮ್ಮ ಯೋಜನೆಗಳನ್ನು ಸ್ವಂತ ಖಾತೆಗೆ ನಕಲಿಸಿಕೊಳ್ಳುವುದು. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದನ್ನೂ ಆಗಲೇ ಹೇಳಬಹುದು. ನೇಮಕಾತಿಗೆ ಕಾಯುವ ಕಾಲ ಅದಕ್ಕಿಂತ ಉದ್ದವಾದ ಉದಾಹರಣೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ನಮಗೆ, ಅಂದರೆ ಬೋಧಕರಿಗೆ, ಆ ಕಡತದಲ್ಲಿ ಯಾವ ಹಕ್ಕು ಇರಬೇಕು ಎಂಬುದು ಉಳಿದ ಪ್ರಶ್ನೆ. ತಿದ್ದುವ ಹಕ್ಕು ಕೊಟ್ಟರೆ ನಾವು ತಿದ್ದಿಯೇ ತಿದ್ದುತ್ತೇವೆ, ಕೈ ಸುಮ್ಮನಿರುವುದಿಲ್ಲ. ಉದ್ದೇಶಗಳನ್ನು ನಮ್ಮ ಭಾಷೆಯಲ್ಲಿ ಬರೆದು, ಪ್ರಶ್ನೆಗಳನ್ನು ಬದಲಿಸಿ, ಕೊನೆಗೆ ಅವಳು ತರಗತಿಯಲ್ಲಿ ಓದುವುದು ನಮ್ಮ ಪಾಠವನ್ನು. ಆದ್ದರಿಂದ ಟಿಪ್ಪಣಿ ಬರೆಯುವ ಹಕ್ಕು ಮಾತ್ರ ಸಾಕು. ಬದಲಾವಣೆಯ ಇತಿಹಾಸ ತಿದ್ದುವ ಹಕ್ಕಿರುವವರಿಗಷ್ಟೇ ಕಾಣುತ್ತದೆ, ಟಿಪ್ಪಣಿಕಾರರಿಗೆ ಕಾಣದು. ಇದು ಕೊರತೆ ಎಂದು ನನಗನ್ನಿಸಿಲ್ಲ. ಪಾಠದ ನಂತರ ಶಾಲೆಯ ಜಗಲಿಯಲ್ಲಿ ಕೂತು ಅವಳೇ ತನ್ನ ಫೋನಿನಲ್ಲೋ ಮಾರನೆಯ ದಿನ ಲ್ಯಾಬಿನಲ್ಲೋ ಅದನ್ನು ತೆರೆದು, ಇಲ್ಲಿ ಯಾಕೆ ಬದಲಿಸಿದೆ ಎಂದು ಹೇಳಲಿ, ನಾವು ಕೇಳೋಣ.