ಇ-ಇನ್‌ವಾಯ್ಸ್: ನಿಯಮ ಪಾಲಿಸಿದವನಿಗೆ ರಕ್ಷಣೆ ಬೇಕು

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ನಂತರ ವರ್ತಕರ ಲೆಕ್ಕಪತ್ರಗಳ ಸ್ವರೂಪವೇ ಬದಲಾಗಿದೆ. ಈ ಬದಲಾವಣೆಗಳಲ್ಲಿ ಬಹು ದೂರಗಾಮಿಯಾದದ್ದು ಇ-ಇನ್‌ವಾಯ್ಸ್ ವ್ಯವಸ್ಥೆ. 2020ರ ಅಕ್ಟೋಬರ್ 1ರಂದು ಅದು ಆರಂಭವಾದಾಗ 500 ಕೋಟಿ ರೂಪಾಯಿಗಿಂತ ಹೆಚ್ಚಿನ ವಾರ್ಷಿಕ ವಹಿವಾಟುಳ್ಳ ದೊಡ್ಡ ಸಂಸ್ಥೆಗಳಿಗೆ ಮಾತ್ರ ಅನ್ವಯವಾಗಿತ್ತು. ಮಿತಿಯು 2021ರ ಜನವರಿಯಲ್ಲಿ 100 ಕೋಟಿ, ಏಪ್ರಿಲ್‌ನಲ್ಲಿ 50 ಕೋಟಿ, 2022ರ ಏಪ್ರಿಲ್‌ನಲ್ಲಿ 20 ಕೋಟಿ, ಅಕ್ಟೋಬರ್‌ನಲ್ಲಿ 10 ಕೋಟಿ, 2023ರ ಆಗಸ್ಟ್ 1ರಂದು 5 ಕೋಟಿಗೆ ಇಳಿಯಿತು. 500 ಕೋಟಿಯಿಂದ 5 ಕೋಟಿಗೆ ಇಳಿಯಲು ಮೂರು ವರ್ಷಗಳೂ ಹಿಡಿಯಲಿಲ್ಲ. ಐದು ಕೋಟಿ ಎಂದರೆ ತಿಂಗಳಿಗೆ ಸುಮಾರು 42 ಲಕ್ಷ ರೂಪಾಯಿಯ ವಹಿವಾಟು. ತಾಲ್ಲೂಕು ಕೇಂದ್ರದ ಸಗಟು ವಿತರಕ, ಕೈಗಾರಿಕಾ ವಸಾಹತಿನ ಸಣ್ಣ ತಯಾರಕ ಇಂದು ಇದರ ವ್ಯಾಪ್ತಿಯೊಳಗೆ ಬಂದಿದ್ದಾರೆ.

ಈ ವ್ಯವಸ್ಥೆಯ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳು ಇನ್ನೂ ಉಳಿದಿವೆ. ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿಯೇ ಬರೆಯಬೇಕು ಎಂಬುದು ಅವುಗಳಲ್ಲಿ ಒಂದು. ವಾಸ್ತವವಾಗಿ ವರ್ತಕನು ಎಂದಿನಂತೆ ತನ್ನದೇ ತಂತ್ರಾಂಶದಲ್ಲಿ ಬಿಲ್ಲು ತಯಾರಿಸಿ, ಅದರ ವಿವರಗಳನ್ನು ನೋಂದಣಿ ಪೋರ್ಟಲ್‌ಗೆ ಕಳುಹಿಸುತ್ತಾನೆ. ಅಲ್ಲಿಂದ 64 ಅಕ್ಷರಗಳ ಉಲ್ಲೇಖ ಸಂಖ್ಯೆ ಹಾಗೂ ಕ್ಯೂಆರ್ ಕೋಡ್ ಮರಳಿ ಬರುತ್ತವೆ. ವಹಿವಾಟು ಈ ವರ್ಷ ಕಡಿಮೆಯಾಗಿದ್ದರೆ ವಿನಾಯಿತಿ ದೊರೆಯುತ್ತದೆ ಎಂಬುದು ಇನ್ನೊಂದು ಭ್ರಮೆ. 2017-18ರಿಂದೀಚಿನ ಯಾವುದಾದರೂ ಒಂದು ಆರ್ಥಿಕ ವರ್ಷದಲ್ಲಿ ಮಿತಿ ದಾಟಿದ್ದರೂ ನಿಯಮ ಅನ್ವಯಿಸುತ್ತದೆ. ಒಂದೇ ಪ್ಯಾನ್ ಸಂಖ್ಯೆಯ ಅಡಿಯಲ್ಲಿರುವ ಎಲ್ಲ ರಾಜ್ಯಗಳ ಶಾಖೆಗಳ ವಹಿವಾಟನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಉಲ್ಲೇಖ ಸಂಖ್ಯೆಯಿಲ್ಲದ ಬಿಲ್ಲು ನಿಯಮ 48(5)ರ ಪ್ರಕಾರ ಬಿಲ್ಲೇ ಅಲ್ಲ. ಅಂತಹ ಬಿಲ್ಲಿನಿಂದ ಮಾರಿದವನಿಗೆ ದಂಡದ ಭಯ, ಕೊಂಡವನಿಗೆ ತೆರಿಗೆಯ ಜಮೆ ಕೈತಪ್ಪುವ ಭಯ.

ವ್ಯವಸ್ಥೆಯಿಂದ ಪ್ರಯೋಜನವಿಲ್ಲವೆಂದು ಹೇಳುವಂತಿಲ್ಲ. ನೋಂದಾಯಿತ ಬಿಲ್ಲಿನ ವಿವರಗಳು ಜಿಎಸ್‌ಟಿಆರ್-1 ನಮೂನೆಗೆ ತಾವಾಗಿಯೇ ಸೇರುತ್ತವೆ. ಇ-ವೇ ಬಿಲ್ಲಿಗಾಗಿ ಅದೇ ವಿವರವನ್ನು ಮತ್ತೆ ಬರೆಯುವ ಶ್ರಮ ತಪ್ಪುತ್ತದೆ. ಸರಕೇ ಇಲ್ಲದೆ ಬಿಲ್ಲು ಮಾರುವ ನಕಲಿ ದಂಧೆಗೆ ಅಡ್ಡಿಯಾಗುತ್ತದೆ. ಕರ್ನಾಟಕದ ವರ್ತಕ ಸಮುದಾಯ ತಂತ್ರಜ್ಞಾನಕ್ಕೆ ಬೆನ್ನು ತಿರುಗಿಸಿದ ಉದಾಹರಣೆಯೂ ಇಲ್ಲ. ವ್ಯಾಟ್ ಕಾಲದಲ್ಲಿಯೇ ಇ-ಸುಗಮ್ ಮೂಲಕ ಸರಕು ಸಾಗಣೆಯ ವಿವರವನ್ನು ಗಣಕದಲ್ಲಿ ದಾಖಲಿಸುವ ಪದ್ಧತಿ ಇಲ್ಲಿ ರೂಢಿಯಾಗಿತ್ತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ಲನ್ನು ದೇಶದಲ್ಲಿ ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. ಆದುದರಿಂದ ಇಂದಿನ ಪ್ರಶ್ನೆ ಇ-ಇನ್‌ವಾಯ್ಸ್ ಬೇಕೇ ಬೇಡವೇ ಎಂಬುದಲ್ಲ. ಇಷ್ಟೆಲ್ಲ ನಿಯಮಗಳನ್ನು ಪಾಲಿಸಿದವನಿಗೆ ಪ್ರತಿಯಾಗಿ ದೊರೆಯುವ ರಕ್ಷಣೆ ಯಾವುದು ಎಂಬುದೇ ಪ್ರಶ್ನೆ.

ಒಂದು ಉದಾಹರಣೆಯನ್ನು ನೋಡಬಹುದು. ಸಣ್ಣ ತಯಾರಕನೊಬ್ಬ 2 ಲಕ್ಷ ರೂಪಾಯಿಯ ಕಚ್ಚಾ ಸರಕನ್ನು ಕೊಂಡು, ಶೇ. 18ರಂತೆ 36,000 ರೂಪಾಯಿ ತೆರಿಗೆಯನ್ನೂ ಸೇರಿಸಿ ಬ್ಯಾಂಕಿನ ಮೂಲಕ ಪಾವತಿ ಮಾಡುತ್ತಾನೆ. ಬಿಲ್ಲು ಪೋರ್ಟಲ್‌ನಲ್ಲಿ ನೋಂದಣಿಯಾಗಿದೆ, ಇ-ವೇ ಬಿಲ್ಲು ಇದೆ, ಸರಕು ಗೋದಾಮಿಗೆ ಬಂದಿದೆ, ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿಯೂ ಕಾಣಿಸಿದೆ. ಆದರೆ ಮಾರಿದವನು ವಸೂಲು ಮಾಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಲಿಲ್ಲ. ಆಗ ಕಲಂ 16(2)(ಸಿ) ಅನ್ವಯ ಕೊಂಡವನ ಜಮೆಯೇ ಪ್ರಶ್ನಾರ್ಹವಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಸೇರಿಸಲಾದ ನಿಯಮ 37ಎ ಪ್ರಕಾರ, ಆರ್ಥಿಕ ವರ್ಷ ಮುಗಿದ ನಂತರದ ಸೆಪ್ಟೆಂಬರ್ 30ರೊಳಗೆ ಮಾರಾಟಗಾರನು ಜಿಎಸ್‌ಟಿಆರ್-3ಬಿ ಸಲ್ಲಿಸದಿದ್ದರೆ, ಕೊಂಡವನು ನವೆಂಬರ್ 30ರೊಳಗೆ ಆ ಜಮೆಯನ್ನು ಹಿಂತಿರುಗಿಸಬೇಕು. ತಪ್ಪಿದರೆ ಬಡ್ಡಿ ಸಹಿತ ಕಟ್ಟಬೇಕು. ಮಾರಾಟಗಾರನು ಎಂದಾದರೂ ನಮೂನೆ ಸಲ್ಲಿಸಿದರೆ ಜಮೆಯನ್ನು ಮತ್ತೆ ಪಡೆಯಬಹುದೆಂಬುದು ನಿಜ. ಆದರೆ ಅಲ್ಲಿಯವರೆಗೆ ಸಣ್ಣ ಉದ್ಯಮಿಯ ದುಡಿಯುವ ಬಂಡವಾಳ ಸಿಕ್ಕಿಬಿದ್ದಿರುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮಾರುವವನೂ ಕೊಳ್ಳುವವನೂ ಒಳಸಂಚು ಮಾಡಿಕೊಂಡು ಖಜಾನೆಗೆ ವಂಚಿಸಬಹುದೆಂಬ ಸರ್ಕಾರದ ಆತಂಕ ಆಧಾರರಹಿತವಲ್ಲ. ಕರ್ನಾಟಕದ ವ್ಯಾಟ್ ಪ್ರಕರಣವೊಂದರಲ್ಲಿ 2023ರ ಮಾರ್ಚ್‌ನಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಬಿಲ್ಲು ಹಾಗೂ ಚೆಕ್ ಪಾವತಿಯನ್ನು ತೋರಿಸಿದರಷ್ಟೇ ಸಾಲದು, ವಾಹನದ ವಿವರ, ಸಾಗಣೆ ವೆಚ್ಚ, ಸರಕು ಸ್ವೀಕೃತಿಯ ದಾಖಲೆಗಳ ಮೂಲಕ ಖರೀದಿ ನಿಜವಾದದ್ದೆಂದು ಕೊಂಡವನೇ ರುಜುವಾತುಪಡಿಸಬೇಕು ಎಂದು ಹೇಳಿತು. ಈ ಮಾನದಂಡವನ್ನು ಒಪ್ಪಿಕೊಂಡರೂ, ಇಂದು ಆ ರುಜುವಾತಿನ ಬಹುಭಾಗ ಸರ್ಕಾರದ ಗಣಕದಲ್ಲಿಯೇ ಇದೆ ಎಂಬುದನ್ನು ಮರೆಯುವಂತಿಲ್ಲ. ಬಿಲ್ಲಿಗೆ ಸಂಖ್ಯೆ ಕೊಟ್ಟದ್ದು ಸರ್ಕಾರ ಮಾನ್ಯ ಮಾಡಿದ ಪೋರ್ಟಲ್. ವಾಹನದ ಸಂಖ್ಯೆ ಇರುವುದು ಇ-ವೇ ಬಿಲ್ಲಿನಲ್ಲಿ. ಆದುದರಿಂದ ನೋಂದಾಯಿತ ಇ-ಇನ್‌ವಾಯ್ಸ್, ಇ-ವೇ ಬಿಲ್ಲು, ಬ್ಯಾಂಕ್ ಪಾವತಿ ಈ ಮೂರೂ ಹೊಂದಿಕೆಯಾದಲ್ಲಿ ಮೊದಲು ತೆರಿಗೆ ಕಟ್ಟದ ಮಾರಾಟಗಾರನಿಂದ ವಸೂಲಿ ಮಾಡಬೇಕು. ಒಳಸಂಚಿಗೆ ಆಧಾರ ಕಂಡುಬಂದಲ್ಲಿ ಮಾತ್ರ ಕೊಂಡವನ ಬಾಗಿಲಿಗೆ ಬರಬೇಕು. ಈ ಅರ್ಥದ ತಿದ್ದುಪಡಿಗಾಗಿ ವಾಣಿಜ್ಯ ಸಂಸ್ಥೆಗಳು ಜಿಎಸ್‌ಟಿ ಮಂಡಳಿಯ ಮುಂದೆ ಒಕ್ಕೊರಲಿನಿಂದ ಬೇಡಿಕೆ ಮಂಡಿಸುವುದು ಅಗತ್ಯ.

ಚಿಲ್ಲರೆ ವ್ಯಾಪಾರಿಗಳ ಪರಿಸ್ಥಿತಿ ಇದಕ್ಕಿಂತ ಭಿನ್ನ. ಗ್ರಾಹಕರಿಗೆ ನೇರವಾಗಿ ಮಾರುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಿಲ್ಲ. 2024ರ ಸೆಪ್ಟೆಂಬರ್ 9ರ ಸಭೆಯಲ್ಲಿ ಮಂಡಳಿಯು ಅದನ್ನು ಸ್ವಯಂಪ್ರೇರಿತ ನೆಲೆಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಲು ಶಿಫಾರಸು ಮಾಡಿತು. ಇದು ಸ್ವಯಂಪ್ರೇರಿತವಾಗಿಯೇ ಉಳಿಯಬೇಕು. ಸಂಜೆಯ ಹೊತ್ತು ಗಿರಾಕಿಗಳು ಮುತ್ತಿಕೊಂಡಿರುವ ಕಿರಾಣಿ ಅಂಗಡಿಯಲ್ಲಿ, ಜಾಲ ಸಂಪರ್ಕ ಆಗಾಗ ಕಡಿದುಹೋಗುವ ಊರಿನಲ್ಲಿ, ಪ್ರತಿಯೊಂದು ಸೋಪು, ಸಕ್ಕರೆಯ ಬಿಲ್ಲಿಗೂ ಪೋರ್ಟಲ್‌ನ ಅನುಮತಿಗಾಗಿ ಕಾಯುವುದು ಕಾರ್ಯಸಾಧ್ಯವಲ್ಲ. ನೋಂದಣಿಯಿಲ್ಲದ ಗ್ರಾಹಕ ಕೇಳದಿದ್ದಲ್ಲಿ 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ ಬಿಡಿ ಬಿಲ್ಲಿನ ಬದಲು ದಿನದ ಕೊನೆಗೆ ಒಂದೇ ಒಟ್ಟು ಬಿಲ್ಲು ಬರೆಯಲು ಈಗಿನ ನಿಯಮವೇ ಅವಕಾಶ ಕೊಟ್ಟಿದೆ. ಈ ವಿವೇಕವನ್ನು ಮುಂದೆಯೂ ಕಾಪಾಡಿಕೊಳ್ಳಬೇಕು.

ಆದರೆ ಬಿಲ್ಲೇ ಬೇಡ ಎಂಬ ನಿಲುವು ವ್ಯಾಪಾರಿಗೆ ಹಿತಕರವಲ್ಲವೆಂಬುದನ್ನು 2025ರ ಜುಲೈ ತಿಂಗಳು ತೋರಿಸಿಕೊಟ್ಟಿತು. ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಹಲವು ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಪ್ರತಿಭಟನೆಯ ನಂತರ ಮುಖ್ಯಮಂತ್ರಿಗಳು ವರ್ತಕರೊಡನೆ ಸಭೆ ನಡೆಸಿ, ಹಳೆಯ ಬಾಕಿಯ ಬಗ್ಗೆ ಒತ್ತಾಯವಿಲ್ಲವೆಂದೂ ನೋಂದಣಿ ಅಗತ್ಯವೆಂದೂ ತಿಳಿಸಿದರು. ಖಾತೆಗೆ ಬಂದ ಹಣವೆಲ್ಲ ತೆರಿಗೆಗೆ ಒಳಪಡುವ ವಹಿವಾಟಲ್ಲ. ಅದರಲ್ಲಿ ಹಾಲು, ತರಕಾರಿಯಂತಹ ವಿನಾಯಿತಿ ಪಡೆದ ಸರಕಿನ ಮಾರಾಟವಿರಬಹುದು, ಬಂಧುಗಳಿಂದ ಪಡೆದ ಕೈಸಾಲವಿರಬಹುದು. ಇಲಾಖೆ ಇದನ್ನು ಮೊದಲೇ ವಿಚಾರಿಸಬೇಕಿತ್ತು. ಅಷ್ಟೇ ನಿಜವಾದ ಮಾತೆಂದರೆ, ಇದನ್ನು ತೋರಿಸಿಕೊಡಲು ಅನೇಕರ ಬಳಿ ಕಿರ್ದಿಯಾಗಲಿ ಬಿಲ್ಲಾಗಲಿ ಇರಲಿಲ್ಲ. ಹಣದ ಹೆಜ್ಜೆಗುರುತು ಬ್ಯಾಂಕಿನಲ್ಲಿ ಉಳಿಯುವ ಈ ಕಾಲದಲ್ಲಿ ಸರಕಿನ ಹೆಜ್ಜೆಗುರುತು ವರ್ತಕನ ಬಳಿ ಇರಲೇಬೇಕು.

ಸರಕು ಮಾರುವವರಿಗೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಮಿತಿ ದಾಟಿದವರಿಗೆ 1.5 ಕೋಟಿಯವರೆಗೆ ರಾಜಿ ತೆರಿಗೆ ಪದ್ಧತಿ ಇದೆ. ತೆರಿಗೆಗೆ ಒಳಪಡುವ 60 ಲಕ್ಷ ರೂಪಾಯಿ ಮಾರಾಟವಿರುವ ವ್ಯಾಪಾರಿಗೆ ಶೇ. 1ರಂತೆ ವರ್ಷಕ್ಕೆ 60,000 ರೂಪಾಯಿ ತೆರಿಗೆ ಬರುತ್ತದೆ. ಆತ ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಜಮೆಯನ್ನೂ ಪಡೆಯುವಂತಿಲ್ಲ. ನಗದಿಗೆ ಮರಳಿ ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಈ ಮಾರ್ಗ ಅಗ್ಗದ್ದು.

ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಂದವರು ಮೂರು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ತಪ್ಪಾದ ಬಿಲ್ಲನ್ನು ಪೋರ್ಟಲ್‌ನಲ್ಲಿ ರದ್ದುಪಡಿಸಲು 24 ಗಂಟೆ ಮಾತ್ರ ಅವಕಾಶ. ಅನಂತರ ಕ್ರೆಡಿಟ್ ನೋಟ್ ಮುಂತಾದ ದಾರಿ ಹಿಡಿಯಬೇಕು. 10 ಕೋಟಿ ಹಾಗೂ ಅದಕ್ಕೂ ಹೆಚ್ಚಿನ ವಹಿವಾಟುಳ್ಳವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ನೋಂದಾಯಿಸದಿದ್ದರೆ ಪೋರ್ಟಲ್ ಅದನ್ನು ಸ್ವೀಕರಿಸದು. ಖರೀದಿ ಬಿಲ್ಲುಗಳನ್ನು ಒಪ್ಪುವ ಅಥವಾ ನಿರಾಕರಿಸುವ ಸೌಲಭ್ಯ 2024ರ ಅಕ್ಟೋಬರ್‌ನಿಂದ ಲಭ್ಯವಿದ್ದು, ಅದನ್ನು ಪ್ರತಿ ತಿಂಗಳೂ ಬಳಸಿಕೊಳ್ಳಬೇಕು. ನಮೂನೆ ಸಲ್ಲಿಸದ ಮಾರಾಟಗಾರನನ್ನು ವರ್ಷದ ಕೊನೆಯಲ್ಲಿ ಹುಡುಕುವುದಕ್ಕಿಂತ ತಿಂಗಳ ಕೊನೆಯಲ್ಲಿ ಗುರುತಿಸುವುದು ಲೇಸು.

ಇಲಾಖೆಯ ಕರ್ತವ್ಯವೂ ಇಷ್ಟೇ ಸ್ಪಷ್ಟವಾಗಿದೆ. ನಿಯಮಗಳ ವಿವರಣೆ ಸರಳ ಕನ್ನಡದಲ್ಲಿ ದೊರೆಯಬೇಕು. ನೋಟಿಸಿಗೆ ಮೊದಲು ತಿಳಿವಳಿಕೆ ಪತ್ರ ಬರಬೇಕು. ಅಕ್ಷರ ದೋಷಕ್ಕೂ ತೆರಿಗೆ ಕಳ್ಳತನಕ್ಕೂ ಇರುವ ಅಂತರವನ್ನು ಅಧಿಕಾರಿಗಳು ಗುರುತಿಸಬೇಕು. 5 ಕೋಟಿಯ ಮಿತಿಯನ್ನು ಇನ್ನೂ ಇಳಿಸುವ ಆಲೋಚನೆ ಇದ್ದಲ್ಲಿ, ಪ್ರಾಮಾಣಿಕ ಖರೀದಿದಾರನ ಜಮೆಗೆ ಭದ್ರತೆ ಒದಗಿಸುವ ತಿದ್ದುಪಡಿ ಅದಕ್ಕಿಂತ ಮೊದಲು ಬರಬೇಕು. ವರ್ತಕನು ತನ್ನ ಪ್ರತಿಯೊಂದು ಬಿಲ್ಲನ್ನೂ ಸರ್ಕಾರದ ಕಣ್ಣೆದುರಿಗೆ ಇಡಲು ಸಿದ್ಧನಿರುವಾಗ, ಅದೇ ಬಿಲ್ಲನ್ನು ನಂಬುವ ಹೊಣೆ ಸರ್ಕಾರದ ಮೇಲೂ ಇದೆ.