ಗೋಲ್ಕೊಂಡ ಕಟ್ಟಲು ಆಳು ಬೇಕು, ಕೂಲಿಯಿಲ್ಲ

ಹೊಸದೊಂದು ಆನ್‌ಲೈನ್ ಆಟದ ಲೋಕ ಕಟ್ಟಲು ಸ್ವಯಂಸೇವಕರು ಬೇಕೆಂಬ ಕರೆಯ ಧಾಟಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕತೆ ಹೆಣೆಯುವವರು, ಭೂಪಟ ಬಿಡಿಸುವವರು, ಪಾತ್ರಗಳಿಗೆ ಮಾತು ಬರೆಯುವವರು, ಅಷ್ಟಿಷ್ಟು ಕೋಡಿಂಗ್ ಬಲ್ಲವರು ಬನ್ನಿ. ಸದ್ಯಕ್ಕೆ ಸಂಬಳ ಕೊಡಲಾಗದು. ಅನುಭವ ಸಿಗುತ್ತದೆ, ಆಟದ ಕೊನೆಗೆ ಹೆಸರು ಬರುತ್ತದೆ, ಮುಂದೆ ಗೆದ್ದರೆ ನೋಡೋಣ. ಹೈದರಾಬಾದಿನಂಥ ಊರಲ್ಲಿ ಇದಕ್ಕೆ ಜನ ಸಿಗುವುದು ಕಷ್ಟವಲ್ಲ. ಬೀದರ್, ಕಲಬುರಗಿ, ರಾಯಚೂರಿನಿಂದ, ಕರೀಂನಗರ, ಗುಂಟೂರಿನಿಂದ ಓದಲೋ ಕೆಲಸ ಹುಡುಕಲೋ ಬಂದ ಹುಡುಗ ಹುಡುಗಿಯರು ಅಮೀರ್‌ಪೇಟೆ, ಗಚ್ಚಿಬೌಲಿಯ ಪಿ.ಜಿ.ಗಳಲ್ಲಿ ಸಾಲುಗಟ್ಟಿ ಇದ್ದಾರೆ. ಕೈಯಲ್ಲಿ ಲ್ಯಾಪ್‌ಟಾಪ್ ಇದೆ, ರಾತ್ರಿ ಎರಡಾದರೂ ನಿದ್ದೆಯಿಲ್ಲ, ಆಟವೆಂದರೆ ಜೀವ.

ಕರೆ ಕೊಡುವುದರಲ್ಲಿ ತಪ್ಪೇನಿಲ್ಲ. ಹಣವಿಲ್ಲದವರು ನೆರವು ಕೇಳದೆ ಇನ್ನೇನು ಮಾಡಬೇಕು? ತಪ್ಪಿರುವುದು ಆ ಕೊನೆಯ ಎರಡು ಪದಗಳಲ್ಲಿ. ‘ಮುಂದೆ ನೋಡೋಣ’ ಎಂದು ಹೇಳಿ ಕಟ್ಟಿಸಿಕೊಂಡ ಲೋಕ ಯಾರದು ಎಂಬುದನ್ನು ಕಟ್ಟುವ ಮೊದಲೇ ಬರೆದಿಡಬೇಕು. ಬರೆದಿಡದೆ ಆಳು ಕರೆಯುವವರು ಎಷ್ಟೇ ಒಳ್ಳೆಯ ಮನಸ್ಸಿನವರಾದರೂ ಕೊನೆಗೆ ಮಾಡಿಸಿಕೊಳ್ಳುವುದು ಬಿಟ್ಟಿ ಚಾಕರಿಯನ್ನೇ.

ಹೈದರಾಬಾದ್ ಈ ಮಾತಿಗೆ ಸರಿಯಾದ ಊರು. ಇಲ್ಲಿನ ಸ್ಟುಡಿಯೋಗಳು ಬಹುಕಾಲದಿಂದ ಹೊರಗಿನವರ ಸಿನಿಮಾ, ಆಟಗಳಿಗೆ ಚಿತ್ರ, ಅನಿಮೇಷನ್ ಮಾಡಿಕೊಡುತ್ತ ಬಂದಿವೆ. ದೇಶದ ಆಟ ತಯಾರಕರ ವಾರ್ಷಿಕ ಸಮ್ಮೇಳನವಾದ ಐಜಿಡಿಸಿ ಹಲವು ವರ್ಷ ನಡೆದದ್ದು ಇಲ್ಲೇ. 2016ರಲ್ಲಿ ತೆಲಂಗಾಣ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗಿಗೆಂದೇ ನೀತಿಯೊಂದನ್ನು ತಂದಿತು. (ಮರುವರ್ಷ ಅದೇ ಸರ್ಕಾರ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ‘ಗೇಮಿಂಗ್’ ಎಂದೊಡನೆ ಮನೆಯ ಹಿರಿಯರು ಹೌಹಾರುವುದಕ್ಕೆ ಇಸ್ಪೀಟು ಹಿಡಿದ ಆ ಕಂಪನಿಗಳೂ ಕಾರಣ. ಪಾತ್ರವೊಂದನ್ನು ತೊಟ್ಟು ಸಾವಿರಾರು ಜನ ಒಟ್ಟಿಗೆ ಆಡುವ ಆಟಕ್ಕೂ ದುಡ್ಡು ಕಟ್ಟಿ ಆಡುವುದಕ್ಕೂ ಸಂಬಂಧವಿಲ್ಲ.) ಪರರ ಲೋಕಕ್ಕೆ ಬಣ್ಣ ಬಳಿದ ಕೈಗಳಿಗೆ ತನ್ನದೊಂದು ಲೋಕ ಕಟ್ಟುವ ಆಸೆ ಹುಟ್ಟುವುದು ಸಹಜ.

ಲೋಕ ಕಟ್ಟಲು ಇಲ್ಲಿ ಸಾಮಗ್ರಿಗೆ ಬರವಿಲ್ಲ. ಗೋಲ್ಕೊಂಡದ ಫತೇಹ್ ದರ್ವಾಜಾದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಗುಡ್ಡದ ನೆತ್ತಿಯ ಬಾಲಾ ಹಿಸ್ಸಾರ್‌ನಲ್ಲಿ ಕೇಳಿಸುತ್ತದೆ. ಅದೊಂದನ್ನೇ ನಿಯಮವಾಗಿ ಹಿಡಿದು ಕಾವಲು, ಕಳ್ಳದಾರಿ, ಸುಳ್ಳು ಎಚ್ಚರಿಕೆಗಳ ಇಡೀ ಅಧ್ಯಾಯ ಮಾಡಬಹುದು. ಗೋಲ್ಕೊಂಡದ ಹೆಸರಲ್ಲಿ ಮೆರೆದ ವಜ್ರ ಸಿಕ್ಕಿದ್ದು ಅಲ್ಲಲ್ಲ, ದೂರದ ಕೃಷ್ಣಾ ತೀರದ ಕೊಲ್ಲೂರು ಮೊದಲಾದ ಗಣಿಗಳಲ್ಲಿ. ಗೋಲ್ಕೊಂಡ ಅದರ ಪೇಟೆ. (ಈ ಕೊಲ್ಲೂರಿಗೂ ಮೂಕಾಂಬಿಕೆಯ ಕೊಲ್ಲೂರಿಗೂ ನಂಟಿಲ್ಲ.) ಗಣಿ ಒಂದು ಕಡೆ, ಪೇಟೆ ಇನ್ನೊಂದು ಕಡೆ ಇದ್ದರೆ ನಡುವೆ ದಾರಿ ಹುಟ್ಟುತ್ತದೆ, ದಾರಿಯಲ್ಲಿ ಸುಂಕದ ಕಟ್ಟೆ, ಕಟ್ಟೆಯಲ್ಲಿ ಲಂಚ. ಆಟಗಾರರಿಗೆ ಮಾಡಲು ಕೆಲಸ ಸಿಗುವುದು ಇಂಥಲ್ಲಿ.

ಇನ್ನು ನೀರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿನ ದೊಡ್ಡ ಪಾಲನ್ನು ತೊಳೆದುಕೊಂಡು ಹೋಯಿತು. ಅಫ್ಜಲ್‌ಗಂಜ್‌ನ ಹುಣಸೆಮರವೊಂದನ್ನು ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಇವತ್ತಿಗೂ ಹೇಳುತ್ತಾರೆ. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಂತೆ ಉಸ್ಮಾನ್ ಸಾಗರ, ಆಮೇಲೆ ಹಿಮಾಯತ್ ಸಾಗರ ಎದ್ದವು. ನದಿ ಉಕ್ಕುವ, ಕೆರೆ ತಡೆಯುವ, ಕೆರೆಯಂಗಳದಲ್ಲಿ ಮನೆ ಕಟ್ಟಿದರೆ ಮತ್ತೆ ಉಕ್ಕುವ ಆಟವನ್ನು ಈ ಊರಿನವರಿಗಿಂತ ಚೆನ್ನಾಗಿ ಯಾರು ರೂಪಿಸಿಯಾರು?

ಸ್ವಯಂಸೇವಕರ ನಿಜವಾದ ಬೆಲೆ ಇರುವುದು ಇಲ್ಲೇ. ಬೀದರದ ಹುಡುಗಿಗೆ ನೆಲದಡಿಯ ಕರೇಜ್ ನೀರುದಾರಿ ಗೊತ್ತು. ಕಲಬುರಗಿಯವನಿಗೆ ದಖನಿಯೂ ಗೊತ್ತು, ಜೋಳದ ರೊಟ್ಟಿ ಬಡಿಯುವ ಸದ್ದೂ ಗೊತ್ತು. ಹಳೆ ಊರಿನ ಹುಡುಗನಿಗೆ ‘ಹೌ’, ‘ನಕ್ಕೋ’ಗಳ ಏರಿಳಿತ ನಾಲಗೆಯ ಮೇಲೇ ಇದೆ. ಸಂಬಳ ಕೊಟ್ಟು ಹೊರಗಿನಿಂದ ತಂದ ಬರಹಗಾರನಿಗೆ ಇದನ್ನು ಕಲಿಸಲು ವರ್ಷ ಹಿಡಿದೀತು. ಆದರೆ ಬಂದವರೆಲ್ಲ ಮೊದಲು ಮಾಡುವ ಕೆಲಸ ರಾಜವಂಶಾವಳಿ ಬರೆಯುವುದು. ಏಳು ತಲೆಮಾರಿನ ಸುಲ್ತಾನರು, ಮೂರು ಶಾಪ, ಒಂದು ಕಳೆದುಹೋದ ಖಡ್ಗ. ಸಂತೆಯಲ್ಲಿ ಸೇರು ಜೋಳಕ್ಕೆ ಎಷ್ಟು, ಬಾವಿ ಯಾರ ಹಿತ್ತಲಲ್ಲಿದೆ, ಅಗಸನಿಗೆ ಯಾರ ಮೇಲೆ ಸಿಟ್ಟು ಎಂದು ಬರೆಯಲು ಒಬ್ಬರೂ ಇರುವುದಿಲ್ಲ. ಕರೆ ಕೊಡುವವರಿಗೆ ಬುದ್ಧಿಯಿದ್ದರೆ ‘ನಿಮ್ಮ ಮಹಾಕತೆ ಕಳಿಸಿ’ ಎನ್ನದೆ ‘ಒಂದು ಬಾವಿಕಟ್ಟೆ, ಅಲ್ಲಿಗೆ ಬರುವ ಐದು ಜನ, ಒಂದು ಜಗಳ ಬರೆದು ತನ್ನಿ’ ಎನ್ನಬೇಕು. ಯಾರು ಲೋಕ ಕಟ್ಟಬಲ್ಲರು, ಯಾರು ಬರೀ ಕನಸು ಕಾಣುವವರು ಎಂಬುದು ಎರಡು ಪುಟದಲ್ಲಿ ಗೊತ್ತಾಗುತ್ತದೆ.

ಆಡುವವರ ಕೈಯಿಂದಲೇ ಲೋಕ ಕಟ್ಟಿಸುವ ರೂಢಿ ಹೊಸದಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಬರೀ ಅಕ್ಷರಗಳಲ್ಲಿ ನಡೆಯುವ ‘ಮಡ್’ ಎಂಬ ಆಟ ಆರಂಭಿಸಿದರು. 1989ರಲ್ಲಿ ಸ್ವೀಡನ್ನಿನ ಲಾರ್ಸ್ ಪೆನ್ಶೊ ರೂಪಿಸಿದ ಆಟದಲ್ಲಿ ಗೆದ್ದವರಿಗೆ ಸಿಗುತ್ತಿದ್ದ ಬಹುಮಾನವೇ ಲೋಕ ಕಟ್ಟುವ ಹಕ್ಕು. ಅದೇ ವರ್ಷ ಅಮೆರಿಕದಲ್ಲಿ ಶುರುವಾದ ‘ಟೈನಿಮಡ್’ನಲ್ಲಿ ಯಾರು ಬೇಕಾದರೂ ಕೋಣೆ ಕಟ್ಟಬಹುದಿತ್ತು. ಕಟ್ಟುತ್ತ ಕಟ್ಟುತ್ತ ಜಾಗ ಸಾಲದೆ ಕೆಲವೇ ತಿಂಗಳಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡ್ಡಿರಲಿಲ್ಲ, ಹಾಗಾಗಿ ಜಗಳವೂ ದುಡ್ಡಿನದಾಗಿರಲಿಲ್ಲ.

ದುಡ್ಡು ಬಂದ ಮೇಲೆ ಕತೆ ಬೇರೆಯಾಯಿತು. ಅಮೆರಿಕ ಆನ್‌ಲೈನ್ ಎಂಬ ಕಂಪನಿ ಸಾವಿರಾರು ಸ್ವಯಂಸೇವಕರಿಂದ ತನ್ನ ಹರಟೆಕೋಣೆಗಳನ್ನು ನೋಡಿಕೊಳ್ಳಿಸಿತು. ಪ್ರತಿಫಲವಾಗಿ ಅವರಿಗೆ ಸಿಕ್ಕಿದ್ದು ಪುಕ್ಕಟೆ ಅಥವಾ ಅಗ್ಗದ ಸಂಪರ್ಕ. 1999ರಲ್ಲಿ ಅವರಲ್ಲಿ ಇಬ್ಬರು ನ್ಯಾಯಾಲಯಕ್ಕೆ ಹೋದರು. ಪಾಳಿ ಹಾಕಿದ್ದೀರಿ, ತರಬೇತಿ ಕೊಟ್ಟಿದ್ದೀರಿ, ವರದಿ ಬರೆಸಿಕೊಂಡಿದ್ದೀರಿ, ಇದು ನೌಕರಿಯಲ್ಲದೆ ಮತ್ತೇನು ಎಂಬುದು ಅವರ ವಾದ. ಹತ್ತು ವರ್ಷ ಎಳೆದಾಡಿ ಕಂಪನಿ 1.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ‘ಅಲ್ಟಿಮಾ ಆನ್‌ಲೈನ್’ ಆಟದ ಸ್ವಯಂಸೇವಕರೂ 2000ದಲ್ಲಿ ಇದೇ ಬಗೆಯ ಮೊಕದ್ದಮೆ ಹೂಡಿದರು, ಅದೂ ರಾಜಿಯಲ್ಲಿ ಮುಗಿಯಿತು. ಈ ಪ್ರಕರಣಗಳಿಂದ ಒಂದು ಗೆರೆಯಂತೂ ಸಿಗುತ್ತದೆ. ಮನಸ್ಸು ಬಂದಾಗ ಬಂದು ಮನಸ್ಸಿಗೆ ಬಂದ ಬಾವಿಕಟ್ಟೆ ಬರೆದು ಹೋದರೆ ಅದು ಹವ್ಯಾಸ. ‘ಮಂಗಳವಾರ ರಾತ್ರಿ ಒಂಬತ್ತರಿಂದ ಹನ್ನೆರಡು ನೀನೇ ಇರಬೇಕು’ ಎಂದಾಗ ಅದು ಚಾಕರಿ. ಆಟಗಾರರ ಜಗಳ ಬಿಡಿಸುವುದು, ದೋಷ ಹುಡುಕಿ ಪಟ್ಟಿ ಮಾಡುವುದು ಇವೆಲ್ಲ ಎರಡನೆಯ ಬಗೆಯವು. ಇವಕ್ಕೆ ಸಂಬಳ ಕೊಡಲಾಗದಿದ್ದರೆ ಆಟವನ್ನೇ ಚಿಕ್ಕದು ಮಾಡಬೇಕು.

ಇನ್ನೊಂದು ಕತೆ ಈ ದೇಶದ ಹಾಸ್ಟೆಲ್ ಹುಡುಗರಿಗೆ ಚೆನ್ನಾಗಿ ಗೊತ್ತಿರುವಂಥದು. ‘ವಾರ್‌ಕ್ರಾಫ್ಟ್ 3’ ಆಟದೊಂದಿಗೆ ಬಂದ ನಕ್ಷೆ ತಯಾರಿಸುವ ಸಲಕರಣೆಯಿಂದ ಹವ್ಯಾಸಿಗಳು ‘ಡೋಟಾ’ ಕಟ್ಟಿದರು. ಅದು ಮೂಲ ಆಟವನ್ನೂ ಮೀರಿ ಬೆಳೆಯಿತು. ಅದನ್ನು ಬೆಳೆಸಿದ ಹವ್ಯಾಸಿಗಳಲ್ಲೊಬ್ಬನನ್ನು ವಾಲ್ವ್ ಎಂಬ ಬೇರೊಂದು ಕಂಪನಿ ಕರೆದುಕೊಂಡು ‘ಡೋಟಾ 2’ ಮಾಡಿತು. ಮೂಲ ಕಂಪನಿ ಬ್ಲಿಝಾರ್ಡ್ 2020ರಲ್ಲಿ ಹಳೆಯ ಆಟವನ್ನು ಹೊಸದಾಗಿ ಹೊರತಂದಾಗ ನಿಯಮಗಳಲ್ಲಿ ಒಂದು ಸಾಲು ಸೇರಿಸಿತು: ಇಲ್ಲಿ ಯಾರೇ ಯಾವುದೇ ನಕ್ಷೆ ಮಾಡಲಿ, ಅದು ನಮ್ಮದು. ಹವ್ಯಾಸಿಗಳು ಕಟ್ಟಿದ್ದು ಕೈಬಿಟ್ಟು ಹೋದೀತೆಂಬ ಭಯ ದೊಡ್ಡ ಕಂಪನಿಗೇ ಇಷ್ಟಿದ್ದರೆ ಹವ್ಯಾಸಿಗೆ ಎಷ್ಟಿರಬೇಡ?

ಹೈದರಾಬಾದ್ ಸೀಮೆಗೆ ಈ ಭಯಕ್ಕೆ ಹಳೆಯ ಹೆಸರೊಂದಿದೆ. ತೆಲುಗಿನಲ್ಲಿ ವೆಟ್ಟಿ, ಕನ್ನಡದಲ್ಲಿ ಬಿಟ್ಟಿ. ದೊರೆಗಳ, ದೇಶಮುಖರ ಮನೆಗೆ ಕೂಲಿಯಿಲ್ಲದೆ ದುಡಿದು ಹೋಗಬೇಕಾದ ಪದ್ಧತಿ. 1946ರಿಂದ 51ರವರೆಗಿನ ತೆಲಂಗಾಣ ರೈತ ಹೋರಾಟದ ಕೂಗುಗಳಲ್ಲಿ ಇದನ್ನು ಕೊನೆಗಾಣಿಸುವುದೂ ಒಂದು. ಬಿಸಿಲಲ್ಲಿ ಕಲ್ಲು ಹೊತ್ತವರ ಪಾಡನ್ನು ಎ.ಸಿ. ಕೋಣೆಯಲ್ಲಿ ನಕ್ಷೆ ಬಿಡಿಸುವವರ ಪಾಡಿಗೆ ಹೋಲಿಸುವುದು ಅತಿಯಾದೀತು, ನಿಜ. ಆಟದವನು ಬೇಡವೆಂದು ಎದ್ದು ಹೋಗಬಹುದು, ಬಿಟ್ಟಿಯವನು ಹೋಗುವಂತಿರಲಿಲ್ಲ. ಆದರೆ ಕೂಲಿಯಿಲ್ಲದ ದುಡಿಮೆಗೆ ಕನ್ನಡದಲ್ಲಿ ಇನ್ನೊಂದು ಪದವೂ ಇದೆ, ಮುಯ್ಯಾಳು. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿಯೂ ಕೂಲಿಯಿಲ್ಲ, ಆದರೆ ಲೆಕ್ಕವಿದೆ. ಯಾರ ಮುಯ್ಯಿ ಬಾಕಿಯಿದೆ ಎಂಬುದು ಇಡೀ ಊರಿಗೆ ಗೊತ್ತಿರುತ್ತದೆ.

ಸಂಬಳ ಕೊಡಲಾಗದ ತಂಡವೂ ಮುಯ್ಯಿ ತೀರಿಸಬಹುದು ಎಂಬುದಕ್ಕೆ ಹೈದರಾಬಾದಿನಲ್ಲೇ ನಿದರ್ಶನವಿದೆ. ಸ್ವತಂತ್ರ ತಂತ್ರಾಂಶ ಚಳವಳಿಯ ‘ಸ್ವೇಚ್ಛ’ ಸಂಸ್ಥೆ ಈಚೆಗೆ ಸಾವಿರಾರು ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸೇರಿಸಿ ತೆಲುಗು ಕತೆಗಳ ಸಾವಿರಾರು ಪುಟಗಳನ್ನು ಕಂಪ್ಯೂಟರಿಗೆ ಇಳಿಸಿ ತಿದ್ದಿಸಿತು. ಅದರಿಂದ ‘ಚಂದಮಾಮ ಕಥಲು’ ಎಂಬ ಪುಟ್ಟ ಭಾಷಾ ಮಾದರಿ ಹುಟ್ಟಿತು. ದುಡಿದವರಿಗೆ ಸಂಬಳವೇನೂ ಇರಲಿಲ್ಲ. ಆದರೆ ಫಲ ಎಲ್ಲರಿಗೂ ಸೇರಬೇಕೆಂಬ ನಿಲುವು ಆ ಚಳವಳಿಯ ಬುಡದಲ್ಲೇ ಇದೆ. ವಿಕಿಪೀಡಿಯಕ್ಕೆ ಕನ್ನಡಿಗರು ಬರೆಯುತ್ತಿರುವುದೂ ಆ ನಂಬಿಕೆಯಿಂದಲೇ.

ಕಾನೂನೂ ‘ಮುಂದೆ ನೋಡೋಣ’ ಎನ್ನುವವರ ಪರವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಸ್ವಯಂಸೇವಕ ನೌಕರನಲ್ಲ. ಅವನು ಬರೆದದ್ದು ಅವನದೇ. ಹಕ್ಕು ವರ್ಗಾಯಿಸಬೇಕಾದರೆ ಸಹಿಯಿರುವ ಬರಹ ಬೇಕು. ಬರಹದಲ್ಲಿ ಅವಧಿ ಹೇಳದಿದ್ದರೆ ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಅಂದರೆ ಉದಾಸೀನದಿಂದ ನಷ್ಟವಾಗುವುದು ಹುಡುಗರಿಗೆ ಮಾತ್ರವಲ್ಲ. ಆಟ ಗೆದ್ದು ಹೊರದೇಶದವರು ಕೊಳ್ಳಲು ಬಂದ ದಿನ, ಗೋಲ್ಕೊಂಡದ ಅರ್ಧ ಭೂಪಟ ಎಂದೋ ಬಿಟ್ಟುಹೋದ ಹುಡುಗಿಯ ಹೆಸರಲ್ಲಿದೆ ಎಂದು ಕಂಪನಿಗೆ ಗೊತ್ತಾದೀತು. ಇನ್ನು, ಇಂಥ ಕರೆಗೆ ಓಡಿಬರುವವರಲ್ಲಿ ಹದಿನಾರು, ಹದಿನೇಳರವರು ಇದ್ದೇ ಇರುತ್ತಾರೆ. ಹದಿನೆಂಟು ತುಂಬದವರ ಕರಾರಿಗೆ ಬೆಲೆಯಿಲ್ಲವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿದೆ. ಅವರ ಸಹಿ ಹಾಕಿಸಿಕೊಂಡು ನಿಶ್ಚಿಂತೆಯಿಂದ ಇರುವಂತಿಲ್ಲ.

ಬರೆಯಬೇಕಾದ್ದು ಒಂದು ಪುಟಕ್ಕಿಂತ ಹೆಚ್ಚಿಲ್ಲ. ಬರೆದವರು ತಮ್ಮ ಬರಹವನ್ನು ಬೇರೆಡೆ ಬಳಸಬಹುದೇ, ದುಡ್ಡು ಬಂದರೆ ಯಾವ ಲೆಕ್ಕದಲ್ಲಿ ಹಂಚಿಕೆ, ನಡುವೆ ಬಿಟ್ಟುಹೋದವರ ಹೆಸರು ಉಳಿಯುತ್ತದೆಯೇ. ಜೊತೆಗೆ ಸಾಮಾನ್ಯವಾಗಿ ಯಾರೂ ಕೇಳದ ಒಂದು ಪ್ರಶ್ನೆ: ಆಟ ನಿಂತ ದಿನ ಈ ಲೋಕದ ಗತಿಯೇನು? ಆನ್‌ಲೈನ್ ಲೋಕ ಪುಸ್ತಕದಂತಲ್ಲ, ಸರ್ವರ್ ಆರಿಸಿದರೆ ಬಾವಿಕಟ್ಟೆಯೂ ಇಲ್ಲ, ಜಗಳವೂ ಇಲ್ಲ.

‘ಸಿಟಿ ಆಫ್ ಹೀರೋಸ್’ ಎಂಬ ಆಟವನ್ನು ಅದರ ಒಡೆಯರು 2012ರ ನವೆಂಬರ್‌ನಲ್ಲಿ ಮುಚ್ಚಿದರು. ಆಡುತ್ತಿದ್ದವರು ಬೇಡಿಕೊಂಡರು, ಪ್ರಯೋಜನವಾಗಲಿಲ್ಲ. ಏಳು ವರ್ಷದ ನಂತರ ಅಭಿಮಾನಿಗಳ ಗುಂಪೊಂದು ಅನುಮತಿಯಿಲ್ಲದೆಯೇ ಅದನ್ನು ‘ಹೋಮ್‌ಕಮಿಂಗ್’ ಎಂಬ ಹೆಸರಲ್ಲಿ ಮತ್ತೆ ಎಬ್ಬಿಸಿ ನಡೆಸತೊಡಗಿತು. ಕೆಲಸ ಮಾಡುವವರು ಸ್ವಯಂಸೇವಕರು, ಸರ್ವರ್ ಖರ್ಚು ಆಡುವವರ ದೇಣಿಗೆಯಿಂದ. 2024ರ ಜನವರಿಯಲ್ಲಿ ಮೂಲ ಕಂಪನಿಯೇ ಅವರಿಗೆ ಪರವಾನಗಿ ಕೊಟ್ಟಿತು. ಆ ಕಾಗದ ಕೈಗೆ ಬರುವ ಹೊತ್ತಿಗೆ ಆಟ ಮುಚ್ಚಿ ಹನ್ನೊಂದು ವರ್ಷವಾಗಿತ್ತು.